ಒಂಬತ್ತು ಪದರದ ಪಂದ್ಯ

ಅವನಿಗೆ ವಯಸ್ಸು ಇಪ್ಪತ್ತಾರು. ಕಾರುಗಳಿಗೆ ಬಣ್ಣ ಹೊಡೆಯುವ ಗ್ಯಾರೇಜಿನಲ್ಲಿ ಕೆಲಸ, ತಿಂಗಳಾದರೆ ಸಂಬಳ. ಮೀಸೆ ಕೂಡ ಒಂದು ಮಟ್ಟಕ್ಕೆ ಬಂದಿತ್ತು. ಇಷ್ಟೆಲ್ಲ ಇದ್ದೂ ಮನೆಯಲ್ಲಿ ಅವನ ಹೆಸರು ತೊಟ್ಟಿಲಪ್ಪ.

ಹೆಸರಿಟ್ಟವಳು ಅಕ್ಕ. ಅಪ್ಪ ಒಂದು ಕಾಲದಲ್ಲಿ ಮಲೇಷ್ಯಾದ ಬಂದರೊಂದರಲ್ಲಿ ಎಂಟು ವರ್ಷ ಕ್ರೇನ್ ಓಡಿಸಿದವರು. ಅಮ್ಮ, ಅಕ್ಕ ಜೊತೆಗೇ ಇದ್ದರು. ಇವನು ಹುಟ್ಟಿದ್ದೂ ಅಲ್ಲೇ. ಆದರೆ ಇವನಿಗೆ ಹತ್ತು ತಿಂಗಳು ತುಂಬುವಷ್ಟರಲ್ಲಿ ಅಪ್ಪನ ಕರಾರು ಮುಗಿದು, ಎಲ್ಲರೂ ಗಂಟುಮೂಟೆ ಕಟ್ಟಿದರು. ಅಂದಿನಿಂದ ಇಂದಿನವರೆಗೆ ಆ ಮೂವರು ಒಟ್ಟಿಗೆ ಊಟಕ್ಕೆ ಕೂತರೆ ಸಾಕು, ತಟ್ಟೆಯಲ್ಲಿರುವುದನ್ನು ಬಿಟ್ಟು ಅಲ್ಲಿಯದನ್ನೇ ತಿನ್ನಲು ಶುರು ಮಾಡುತ್ತಿದ್ದರು. ಬಂದರಿನ ಗೇಟಿನ ಮುಂದಿನ ಅಂಗಡಿಯ ನಾಸಿ ಲೆಮಾಕ್. ಅಂದರೆ ತೆಂಗಿನ ಹಾಲಿನಲ್ಲಿ ಬೆಂದ ಅನ್ನ, ಮಗ್ಗುಲಲ್ಲಿ ಕೆಂಪಗೆ ಉರಿಯುವ ಮೆಣಸಿನ ಚಟ್ನಿ ಸಂಬಾಲ್, ಮೇಲೆ ಗರಿಗರಿ ಹುರಿದ ಪುಟ್ಟ ಒಣಮೀನು. ಆಮೇಲೆ ಗಾಳಿಯಲ್ಲಿ ಬೀಸಿ ಬೀಸಿ ಬಟ್ಟೆಯಷ್ಟು ತೆಳ್ಳಗೆ ಮಾಡುವ ರೊಟ್ಟಿ. ಆಮೇಲೆ ಎರಡು ಮಗ್‌ಗಳ ನಡುವೆ ಮೊಳದುದ್ದ ಎಳೆಯುವ ನೊರೆ ಚಹಾ. ಮೂವರ ಕಣ್ಣೂ ಅರ್ಧ ಮುಚ್ಚಿರುತ್ತಿದ್ದವು. ನಾಲ್ಕನೆಯವನು ಗೋಡೆ ನೋಡುತ್ತಿದ್ದ.

ಒಮ್ಮೆ ತಡೆಯಲಾರದೆ ನಡುವೆ ಬಾಯಿ ಹಾಕಿದ. "ಆ ಸಂಬಾಲ್ ಸ್ವಲ್ಪ ಸಿಹಿಯಾಗಿ ಇರ್ತಿತ್ತು, ಅಲ್ವಾ?"

"ಅದು ನಿನಗೆ ಹೇಗೋ ಗೊತ್ತು?" ಎಂದಳು ಅಕ್ಕ. "ನೀನಾಗ ತೊಟ್ಟಿಲಲ್ಲಿ ಕಾಲು ಚೀಪ್ತಾ ಬಿದ್ದಿದ್ದೆ, ತೊಟ್ಟಿಲಪ್ಪ!"

ಅಪ್ಪ ನಕ್ಕರು, ಅಮ್ಮ ಸೆರಗಿನಲ್ಲಿ ನಕ್ಕಳು, ಹೆಸರು ಅಂಟಿಕೊಂಡಿತು. ಗ್ಯಾರೇಜಿನ ಪುಟ್ಟಿ ಹಾಕಿ ಉಜ್ಜಿದರೂ ಹೋಗದಷ್ಟು ಗಟ್ಟಿಯಾಗಿ.

ಇವನಿಗೆ ಬೇಸರವಾದದ್ದು ಹೆಸರಿಗಲ್ಲ. ಮನೆಯಲ್ಲಿ ಮೂರು ಜನರ ಬಳಿ ಅಲ್ಲಿಯ ರುಚಿಗಳ ಒಂದು ಪೆಟ್ಟಿಗೆ ಇತ್ತು, ಅದರ ಬೀಗದ ಕೈ ಇವನಿಗೆ ಮಾತ್ರ ಕೊಟ್ಟಿರಲಿಲ್ಲ. ಹಾಗಾದರೆ ಪೆಟ್ಟಿಗೆಯನ್ನೇ ಮನೆಯಲ್ಲಿ ಮಾಡಿಬಿಡೋಣ ಎಂದು ಶೂರನಂತೆ ಅಡುಗೆಮನೆಗೆ ನುಗ್ಗಿದ. ಅದುವರೆಗೆ ಆ ಕೋಣೆಯಲ್ಲಿ ಅವನು ತೋರಿಸಿದ್ದ ಏಕೈಕ ಪರಾಕ್ರಮವೆಂದರೆ ಫ್ರಿಜ್ಜಿನ ಬಾಗಿಲು ತೆಗೆದು ನಿಲ್ಲುವುದು.

ಬೀಸಿದ ರೊಟ್ಟಿ ಮೊದಲನೇ ಬೀಸಿಗೇ ಕೈತಪ್ಪಿ ಫ್ರಿಜ್ಜಿನ ಹಿಂದೆ ಬಿತ್ತು. ಮೂರು ದಿನದ ಮೇಲೆ ವಾಸನೆ ಬಂದಾಗ ಸಿಕ್ಕಿತು. ಎಳೆದ ಚಹಾ ಎಳೆದಷ್ಟೂ ಇವನ ಪಾದದ ಮೇಲೆ. ನಾಸಿ ಲೆಮಾಕ್ ಮಾತ್ರ ಪರವಾಗಿಲ್ಲ ಅನ್ನುವ ಹಾಗಾಯಿತು. ಆವತ್ತು ಇವನು ಎದೆ ಉಬ್ಬಿಸಿಕೊಂಡು ಅಪ್ಪನ ಮುಂದೆ ತಟ್ಟೆ ಇಟ್ಟ. ಅಪ್ಪ ತಿಂದು ಮುಗಿಸಿ ಕೈ ತೊಳೆದರು, ಕಿಟಕಿಯ ಆಚೆ ನೋಡಿದರು, ಅಲ್ಲೇನೂ ಇರಲಿಲ್ಲ.

"ಅದಲ್ಲ ಬಿಡು," ಎಂದರು.

ಅಪ್ಪನ ಬಳಿ ತೀರ್ಪು ಕೊಡಲು ಇದ್ದದ್ದು ಅದೊಂದೇ ಮಾತು. ಬೈದಿದ್ದರೂ ತಡೆದುಕೊಳ್ಳಬಹುದಿತ್ತು. ತಿಂದು ಮುಗಿಸಿ, ಕೈ ತೊಳೆದು, ಪಾಪ ಎನ್ನುವ ದನಿಯಲ್ಲಿ "ಅದಲ್ಲ ಬಿಡು" ಅಂದರೆ ಯಾರ ಹತ್ತಿರ ಹೇಳಿಕೊಳ್ಳುವುದು?

"ಹತ್ತಕ್ಕೆ ಮೂರು," ಎಂದಳು ಅಕ್ಕ. ಅವಳು ಶಾಲೆಯಲ್ಲಿ ಲೆಕ್ಕದ ಟೀಚರ್. ತವರಿಗೆ ಬಂದರೂ ಕೆಂಪು ಪೆನ್ನು ನಾಲಿಗೆಯಲ್ಲೇ ಇರುತ್ತಿತ್ತು. "ಅದೂ ತಟ್ಟೆ ತೊಳೆದಿದ್ದಕ್ಕೆ."

ಇವನಿಗೆ ಕೋಪ ನೆತ್ತಿಗೇರಿತು. "ಅಪ್ಪನ ಬಾಯಲ್ಲಿ 'ಅದೇ' ಅಂತ ಹೇಳಿಸ್ತೀನಿ, ನೋಡ್ತಿರು. ಹೇಳಿಸಿದ್ರೆ ಆ ಹೆಸರು ಆವತ್ತಿಗೇ ರದ್ದು."

"ಹೇಳ್ಸಕ್ಕೆ ಆಗದಿದ್ರೆ?"

"ಇನ್ನು ಈ ಅಡುಗೆಮನೆ ಕಡೆ ತಲೆ ಹಾಕಲ್ಲ. ನೀವು ಅಲ್ಲಿಯ ಸುದ್ದಿ ಎತ್ತಿದಾಗ ತುಟಿ ಬಿಚ್ಚಲ್ಲ."

ಆಡಿದ ಮೇಲೆ ಅವನಿಗೇ ಜಾಸ್ತಿಯಾಯಿತು ಅನ್ನಿಸಿತು. ಆದರೆ ಅಕ್ಕ ಆಗಲೇ ಕೈ ಚಾಚಿದ್ದಳು. "ಬರೋ ಭಾನುವಾರ. ತಿಂಡಿ ಯಾವುದು ಅಂತ ನಾನು ಹೇಳ್ತೀನಿ. ಕುಯೆ ಲಾಪಿಸ್."

ಅಮ್ಮ "ಅಯ್ಯೋ, ಅದು ಬೇಡ ಕಣೇ, ಪಾಪ" ಎಂದಳು. ಆಗಲೇ ಇವನಿಗೆ ಅರ್ಥವಾಗಬೇಕಿತ್ತು.

ಕುಯೆ ಲಾಪಿಸ್ ಅಂದರೆ ಆವಿಯಲ್ಲಿ ಬೇಯಿಸುವ ಪದರದ ಸಿಹಿ. ಅಕ್ಕಿ ಹಿಟ್ಟು, ಮರಗೆಣಸಿನ ಹಿಟ್ಟು, ತೆಂಗಿನ ಹಾಲು, ಸಕ್ಕರೆ. ಒಂದು ಪದರ ಗುಲಾಬಿ, ಒಂದು ಬಿಳಿ, ಮತ್ತೆ ಗುಲಾಬಿ. ಹೀಗೆ ಒಂಬತ್ತು. ಒಂದು ಪದರ ಹುಯ್ದು, ಬೇಯಿಸಿ, ಅದರ ಮೇಲೆ ಇನ್ನೊಂದು ಹುಯ್ಯಬೇಕು. ತುಂಡು ಕೈಗೆತ್ತಿಕೊಂಡಾಗ ಒಂಬತ್ತೂ ಒಂದಕ್ಕೊಂದು ಅಂಟಿಕೊಂಡಿರಬೇಕು. ಹಲ್ಲಿನಲ್ಲಿ ಹಿಡಿದೆಳೆದರೆ ಒಂದೊಂದೇ ಸುಲಿದು ಬರಬೇಕು.

ಸೋಮವಾರ ಸಂಜೆ ಮಾಡಿದ್ದು ಅವಸರದ್ದು. ಕೆಳಗಿನದು ಬೇಯುವ ಮೊದಲೇ ಮೇಲಿನದು ಬಿದ್ದು, ಒಂಬತ್ತು ಪದರ ಸೇರಿ ಒಂದೇ ಗುಲಾಬಿ ಮುದ್ದೆಯಾಯಿತು. ಬುಧವಾರದ್ದು ಹೆದರಿಕೆಯದ್ದು. ಒಂದೊಂದನ್ನೂ ಬೇಯಿಸಿದ, ಬೇಯಿಸಿದ, ಬೇಯಿಸುತ್ತಲೇ ಇದ್ದ. ಕತ್ತರಿಸಿದಾಗ ಪದರಗಳು ಇಸ್ಪೀಟ್ ಎಲೆಗಳ ಹಾಗೆ ಜಾರಿ ತಟ್ಟೆಯ ತುಂಬ ಹರಡಿಕೊಂಡವು. "ಯಾರು ಆಡ್ತೀರಿ?" ಎಂದರು ಅಪ್ಪ. ಗುರುವಾರದ್ದು ಪದರಗಳ ಮಟ್ಟಿಗೆ ಹೇಗೋ ನಿಂತಿತು, ಆದರೆ ಮೇಲ್ಮೈ ತುಂಬ ಗುಳಿ. ಸಿಡುಬು ಬಂದು ಹೋದ ಮುಖದ ಹಾಗೆ.

"ತಿನ್ನೋಕೆ ಚೆನ್ನಾಗೇ ಇದೆ," ಎಂದಳು ಅಮ್ಮ.

"ಅಮ್ಮ, ದಯವಿಟ್ಟು ಸಮಾಧಾನ ಮಾಡ್ಬೇಡ."

ಶುಕ್ರವಾರ ಗ್ಯಾರೇಜಿನಲ್ಲಿ ಒಂದು ಬಿಳಿ ಕಾರಿನ ಬಾನೆಟ್ ಇವನ ಪಾಲಿಗೆ ಬಂತು. ಉಜ್ಜಿದ, ಒರೆಸಿದ, ಸುತ್ತ ಟೇಪ್ ಹಚ್ಚಿ ಕಾಗದ ಮುಚ್ಚಿದ, ಗನ್ ಹಿಡಿದು ಬಣ್ಣ ಹೊಡೆದ. ಕೈ ಬಾನೆಟ್ ಮೇಲೆ, ತಲೆ ಭಾನುವಾರದ ಮೇಲೆ. ಹೊಡೆದು ಹಿಂದೆ ಸರಿದು ನೋಡಿದರೆ ಬಾನೆಟ್ ತುಂಬ ಗುಳಿ. ನಿನ್ನೆ ತಟ್ಟೆಯಲ್ಲಿ ನೋಡಿದ ಅದೇ ಗುಳಿಗಳು, ಅದೇ ಗಾತ್ರ. ಒಂದು ಕ್ಷಣ, ತೆಂಗಿನ ಹಾಲನ್ನೇ ಗನ್ನಿಗೆ ತುಂಬಿದೆನೋ ಎಂದು ಅವನಿಗೆ ಬೆವರಿಳಿಯಿತು.

ಮೇಸ್ತ್ರಿ ಬಂದರು. ನೋಡಿದರು. ಗನ್ನಿಗೆ ಗಾಳಿ ಕೊಡುವ ಕಂಪ್ರೆಸರಿನ ಬಳಿ ಹೋಗಿ ಅದರ ತಳದ ತಿರುಪು ಬಿಚ್ಚಿದರು. ಬುಸ್ಸೆಂದು ಅರ್ಧ ಮಗ್ ನೀರು ಹೊರಬಂತು.

"ಬೆಳಿಗ್ಗೆ ನೀರು ಬಸಿದಿರಲಿಲ್ಲ, ಅಲ್ವಾ?"

"ಮರೆತೆ, ಮೇಸ್ತ್ರಿ."

"ಗಾಳಿ ಜೊತೆ ನೀರ ಹನಿ ಬಂದು ಹಸಿ ಬಣ್ಣದ ಮೇಲೆ ಕೂತ್ರೆ ಗುಳಿ ಬೀಳದೆ ಹೂ ಬಿಡುತ್ತಾ? ತಲೆ ಎಲ್ಲಿಟ್ಟಿದ್ದೀಯೋ?"

"ಮುಚ್ಚಳ!" ಎಂದು ಇವನು ಕೂಗಿದ.

"ಏನು?"

"ಮುಚ್ಚಳ, ಮೇಸ್ತ್ರಿ! ಆವಿ ಮುಚ್ಚಳಕ್ಕೆ ತಾಗಿ ಹನಿ ಆಗುತ್ತೆ, ಹನಿ ಕೆಳಗೆ ಬೀಳುತ್ತೆ!"

ಥಿನ್ನರ್ ವಾಸನೆ ತಲೆಗೇರಿದೆ ಎಂದುಕೊಂಡ ಮೇಸ್ತ್ರಿ ಅವನನ್ನು ಹೊರಗೆ ಗಾಳಿಗೆ ಕೂರಿಸಿದರು. ಇವನು ಅಲ್ಲೇ ಕೂತು ತೊಟ್ಟಿಲಿನಿಂದ ಹಿಡಿದು ಇಸ್ಪೀಟಿನವರೆಗೆ ಎಲ್ಲ ಹೇಳಿಕೊಂಡ. ಮೇಸ್ತ್ರಿ ಗಲ್ಲ ಕೆರೆದುಕೊಂಡರು.

"ನೋಡು, ನನಗೆ ಅಡುಗೆ ಗೊತ್ತಿಲ್ಲ. ಕೋಟ್ ಮೇಲೆ ಕೋಟ್ ಹೊಡೆಯೋದು ಗೊತ್ತು. ಮೊದಲನೇದು ಹಸಿ ಇದ್ದಾಗ ಹೊಡೆದ್ರೆ ಎರಡೂ ಕಲೆಸಿಹೋಗುತ್ತೆ. ಪೂರ್ತಿ ಒಣಗಿದ ಮೇಲೆ ಹೊಡೆದ್ರೆ ಹಿಡಿಯಲ್ಲ, ಎದ್ದು ಬರುತ್ತೆ. ಬೆರಳಿಗೆ ಅಂಟಬೇಕು, ಬೆರಳ ಜೊತೆ ಬರಬಾರದು. ಆಗ ಹೊಡಿ. ಇದನ್ನ ಮೂರು ವರ್ಷದಿಂದ ನಿನಗೆ ಹೇಳ್ತಾ ಇದೀನಿ."

"ಬೆರಳಿಟ್ರೆ ಗುರುತು ಬೀಳುತ್ತಲ್ಲ, ಮೇಸ್ತ್ರಿ?"

"ಒಣಗಿದೆಯಾ ಅಂತ ಬಾನೆಟ್ ಮುಟ್ಟಿ ನೋಡ್ತೀಯಾ?"

"ಇಲ್ಲ. ಪಕ್ಕದ ಟೇಪ್ ಮೇಲೆ ಬಿದ್ದ ಬಣ್ಣ ಮುಟ್ಟಿ ನೋಡ್ತೀನಿ."

"ಹಾಂ. ಮತ್ತೆ?" ಎಂದು ಮೇಸ್ತ್ರಿ ಎದ್ದರು. "ಈಗ ಹೋಗಿ ಆ ಬಾನೆಟ್ ಉಜ್ಜು. ಮೊದಲಿಂದ."

ಭಾನುವಾರ ಬೆಳಿಗ್ಗೆ ಆರಕ್ಕೇ ಅಡುಗೆಮನೆ ಗ್ಯಾರೇಜಿನ ಪೇಂಟ್ ಬೂತ್ ಆಯಿತು. ದೂಳು ಬರದಂತೆ ಕಿಟಕಿ ಮುಚ್ಚಿತು, ಫ್ಯಾನ್ ನಿಂತಿತು. ಆವಿ ಪಾತ್ರೆಯ ಮುಚ್ಚಳಕ್ಕೆ ಒಳಗಿನಿಂದ ಅಮ್ಮನ ಹಳೆಯ ಹತ್ತಿ ಸೀರೆಯ ತುಂಡು ಬಿಗಿದ, ಹನಿಯಾದರೆ ಬಟ್ಟೆ ಕುಡಿಯಲಿ ಎಂದು. ಪದರದ ದಪ್ಪ ಒಂದೇ ಸಮ ಬರಲು ಗ್ಯಾರೇಜಿನಿಂದ ಬಣ್ಣ ಅಳೆಯುವ ಗೆರೆಯ ಲೋಟ ತಂದಿದ್ದ.

ಅಮ್ಮ ಅದನ್ನು ಮೂಗಿಗೆ ಹಿಡಿದಳು. "ಇದರಲ್ಲಿ ಮೊದಲು ಏನು ಹಾಕಿದ್ರೋ?"

"ಹೊಸದು ಅಮ್ಮ. ನೋಡು, ಸ್ಟಿಕರ್ ಕೂಡ ಕಿತ್ತಿಲ್ಲ."

ತಟ್ಟೆಯ ಪಕ್ಕದಲ್ಲಿ, ಅದೇ ಆವಿಯಲ್ಲಿ, ಒಂದು ಪುಟ್ಟ ಸ್ಟೀಲ್ ಬಟ್ಟಲು ಇಟ್ಟ. ತಟ್ಟೆಗೆ ಒಂದು ಪದರ ಹುಯ್ದರೆ ಬಟ್ಟಲಿಗೂ ಒಂದು ಚಮಚ. ಮುಟ್ಟುವುದೆಲ್ಲ ಬಟ್ಟಲನ್ನೇ. ಅದು ಅವನ ಟೇಪ್. ಬೆರಳಿಗೆ ಅಂಟಿತೇ? ಅಂಟಿತು. ಬೆರಳ ಜೊತೆ ಬಂತೇ? ಬರಲಿಲ್ಲ. ಹುಯ್ಯಿ! ಗುಲಾಬಿ. ಬಿಳಿ. ಗುಲಾಬಿ. ಐದನೆಯದಕ್ಕೆ ಬೆರಳು ಸುಟ್ಟಿತು, ಏಳನೆಯದಕ್ಕೆ ಗ್ಯಾಸ್ ಮುಗಿಯಿತು. ಅಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ, ಒಂದೇ ಉಸಿರಿಗೆ ಹೊಸ ಸಿಲಿಂಡರ್ ಉರುಳಿಸಿಕೊಂಡು ಬಂದು ಜೋಡಿಸಿದಳು. ಆವಿ ಆರಲಿಲ್ಲ. ಒಂಬತ್ತನೆಯದು ಮುಗಿದು ಮುಚ್ಚಳ ಎತ್ತಿದಾಗ ಬಟ್ಟೆ ತೊಪ್ಪೆಯಾಗಿತ್ತು. ಕೆಳಗೆ ತಟ್ಟೆ ಮಾತ್ರ ಶೋರೂಮಿನಿಂದ ಆಗತಾನೆ ಹೊರಬಂದ ಕಾರಿನ ಹಾಗೆ ಹೊಳೆಯುತ್ತಿತ್ತು. ಒಂದೇ ಒಂದು ಗುಳಿ ಇಲ್ಲ.

ಇನ್ನು ಅದು ಪೂರ್ತಿ ಆರಬೇಕು. ಬಿಸಿಯಲ್ಲಿ ಕತ್ತರಿಸಿದರೆ ಎಲ್ಲ ಮಣ್ಣುಪಾಲು. ಅವನು ತಟ್ಟೆಯ ಮೇಲೆ ಬುಟ್ಟಿ ಮುಚ್ಚಿ, ಸುತ್ತ ಟೇಪ್ ಹಚ್ಚಿ, ಒಂದು ಕಾಗದ ಅಂಟಿಸಿದ. ಹಸಿ ಬಣ್ಣ, ಮುಟ್ಟಬೇಡಿ.

ಹನ್ನೊಂದಕ್ಕೆ ಅಕ್ಕ ಬಂದಳು. "ಏನು ತೊಟ್ಟಿಲಪ್ಪ, ಸಾಕ್ಷ್ಯ ಮುಚ್ಚಿಟ್ಟಿದ್ದೀಯಾ?"

"ನಾಲ್ಕು ಗಂಟೆಗೆ."

"ನಾಲ್ಕಾ? ಅದರ ಮುಖ ನೋಡಿ ಹೋಗೋಣ ಅಂದ್ರೆ ಇವನು ಮುಹೂರ್ತ ಇಡ್ತಾನೆ."

ಅಪ್ಪನಿಗೆ ಅವತ್ತು ಬಹಳ ಬಾಯಾರಿಕೆ. ಹೂಜಿ ಇದ್ದದ್ದು ಬುಟ್ಟಿಯ ಪಕ್ಕ. ಆರನೇ ಸಲ ನೀರು ಕುಡಿಯಲು ಬಂದವರ ಬೆರಳು ಟೇಪಿನ ತುದಿಯಲ್ಲಿ ಸಿಕ್ಕಿಬಿತ್ತು.

"ಅಪ್ಪಾ!"

"ಸರಿಯಾಗಿ ಅಂಟಿದೆಯಾ ಅಂತ ನೋಡ್ತಿದ್ದೆ," ಎಂದರು ಅಪ್ಪ, ಘನತೆಯಿಂದ.

ನಾಲ್ಕಕ್ಕೆ ಟೇಪ್ ಕಿತ್ತ. ಚಾಕುವಿಗೆ ಎಣ್ಣೆ ಸವರಿ ಕತ್ತರಿಸಿದ. ಮೊದಲ ತುಂಡು ಅಡ್ಡ ಮಲಗಿತು. ಗುಲಾಬಿ, ಬಿಳಿ, ಗುಲಾಬಿ, ಸ್ಕೇಲ್ ಹಿಡಿದು ಗೆರೆ ಎಳೆದ ಹಾಗೆ ಒಂಬತ್ತು. ಅಕ್ಕ ಬಾಯಿ ತೆರೆದಳು. ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಬಾಯಿ ಮುಚ್ಚಿದಳು.

ಅಪ್ಪ ತುಂಡು ಎತ್ತಿಕೊಂಡರು. ಕಚ್ಚಲಿಲ್ಲ. ಮೇಲಿನ ಗುಲಾಬಿ ಪದರದ ಮೂಲೆಯನ್ನು ಮುಂದಿನ ಹಲ್ಲಿನಲ್ಲಿ ಹಿಡಿದು ಎಳೆದರು. ಅದು ನಿಧಾನವಾಗಿ, ಎಲ್ಲೂ ಹರಿಯದೆ, ಪೂರ್ತಿ ಸುಲಿದು ಬಂತು. ಬಾಯಿಯ ಹೊರಗೆ ಗುಲಾಬಿ ನಾಲಿಗೆಯ ಹಾಗೆ ತೂಗಾಡಿ ಒಳಗೆ ಹೋಯಿತು. ಅರವತ್ತೆಂಟು ವರ್ಷದ, ಕ್ರೇನ್ ಓಡಿಸಿದ ಮನುಷ್ಯ. ಎರಡನೆಯದು ಬಿಳಿ. ಮೂರನೆಯದು. ಅತ್ತ ಅಮ್ಮ ಸುಲಿಯುತ್ತಿದ್ದಳು, ಇತ್ತ ಅಕ್ಕ ಸುಲಿಯುತ್ತಿದ್ದಳು. ಇವನು ಮೂವರ ಮುಖವನ್ನೂ ಸರದಿಯ ಮೇಲೆ ನೋಡುತ್ತ ನಿಂತ. ಅಪ್ಪ ಒಂಬತ್ತೂ ಮುಗಿಸಿದರು, ಬೆರಳು ನೆಕ್ಕಿದರು, ಕಿಟಕಿಯ ಆಚೆ ನೋಡಿದರು.

ಕಿಟಕಿ ನೋಡಿದರೆಂದರೆ ಮುಂದಿನ ಮಾತು ಇವನಿಗೆ ಗೊತ್ತೇ ಇತ್ತು.

ಅಪ್ಪ ಎದ್ದು ಕೋಣೆಗೆ ಹೋದರು.

"ಹೋಯ್ತು," ಎಂದ ಇವನು.

"ಶ್!" ಎಂದಳು ಅಮ್ಮ.

ಕೋಣೆಯಿಂದ ಅಪ್ಪನ ದನಿ ಬಂತು. ಮಲೇಷ್ಯಾದಲ್ಲಿ ಜೊತೆಗೆ ಕ್ರೇನ್ ಓಡಿಸುತ್ತಿದ್ದ ಹಳೆಯ ಸ್ನೇಹಿತರೊಬ್ಬರಿಗೆ ಫೋನ್. ಅಪ್ಪನಿಗೆ ಫೋನಿನ ಮೇಲೆ ನಂಬಿಕೆ ಕಡಿಮೆ, ದೂರ ಹೆಚ್ಚಿದಷ್ಟೂ ಕೂಗುತ್ತಾರೆ. "ಹಲೋ! ಏನಯ್ಯಾ, ಬದುಕಿದ್ದೀಯಾ? ಕುಯೆ ಲಾಪಿಸ್ ತಿಂದೆ ಕಣಯ್ಯಾ! ಅಂಗಡೀದಲ್ಲ, ಮನೇದು! ಒಂಬತ್ತು ಪದರ! ಹೂಂ, ಸುಲಿದೇ ತಿಂದೆ! ಅದೇ ಕಣಯ್ಯಾ, ಅದೇ, ಅದೇ! ಯಾರು ಮಾಡಿದ್ದಾ? ನಮ್ಮ ಪೇಂಟರ್! ನನ್ನ ಮಗ! ಹೂಂ, ನಾನೂ ಬೆಳಿಗ್ಗೆಯಿಂದ ಪಕ್ಕದಲ್ಲೇ ಇದ್ದೆ ಅನ್ನು!"

ಇವನು ಅಡುಗೆಮನೆಯ ನಡುವೆ ಎರಡೂ ಕೈ ಎತ್ತಿ ಕುಣಿದ. ಕಾಲು ಕೆಳಗಿಟ್ಟಿದ್ದ ಬುಟ್ಟಿಗೆ ಬಡಿಯಿತು, ಅದಕ್ಕೂ ಕುಣಿದ.

"ಒಂದೇ ಸಲ ಅಲ್ಲ, ಮೂರು ಸಲ ಅಂದ್ರು ಅಕ್ಕಾ! ಅದೇ, ಅದೇ, ಅದೇ!"

"ನಿನಗೆ ಹೇಳಿಲ್ವಲ್ಲ, ಫೋನಿಗೆ ಹೇಳಿದ್ದು," ಎಂದು ಅಕ್ಕ ಕೊನೆಯ ಹುಲ್ಲುಕಡ್ಡಿ ಹಿಡಿದಳು, ಬಾಯಲ್ಲಿ ಏಳನೇ ಪದರ ಇಟ್ಟುಕೊಂಡೇ.

"ಅಪ್ಪನ ಬಾಯಲ್ಲಿ ಅಂತ ತಾನೇ ಪಂದ್ಯ?" ಎಂದಳು ಅಮ್ಮ. "ಅದು ಯಾರ ಬಾಯಿ ಮತ್ತೆ? ಒಪ್ಪಿಕೋ ಸುಮ್ಮನೆ."

ಅಕ್ಕ ನುಂಗಿದಳು. "ಸರಿ. ಹತ್ತಕ್ಕೆ ಹತ್ತು. ಇನ್ನೊಂದು ತುಂಡು ಕೊಡು, ಪೇಂಟರ್."

ಹೀಗೆ ಆ ಹೆಸರು ರದ್ದಾಯಿತು. ಇಲ್ಲಿಂದ ಮುಂದೆ ಈ ಬರಹದಲ್ಲೂ ಅದನ್ನು ಬಳಸುವಂತಿಲ್ಲ.

ತಟ್ಟೆ ಖಾಲಿಯಾಗುವ ಹೊತ್ತಿಗೆ ಪೇಂಟರಿಗೆ ನೆನಪಾಯಿತು, ತಾನು ಒಂದು ತುಂಡನ್ನೂ ತಿಂದಿಲ್ಲ. ಉಳಿದಿದ್ದದ್ದು ಸ್ಟೀಲ್ ಬಟ್ಟಲು, ಅದರ ಪದರಗಳಲ್ಲೆಲ್ಲ ಅವನದೇ ಬೆರಳಿನ ಗುರುತು. ಚಾಕುವಿನಿಂದ ಬಿಡಿಸಿ, ಅಂಚನ್ನು ಹಲ್ಲಿಗೆ ಸಿಕ್ಕಿಸಿ ಎಳೆದ. ತಣ್ಣಗೆ, ನುಣ್ಣಗೆ, ತೆಂಗಿನ ಹಾಲಿನ ಘಮದೊಂದಿಗೆ ಸುಲಿದು ಬಂತು.

ಅಷ್ಟರಲ್ಲಿ ಅಪ್ಪ ಫೋನ್ ಮುಗಿಸಿ ಬಂದು ಬಾಗಿಲಲ್ಲಿ ನಿಂತರು. ಹೊಗಳಿದ್ದು ಜಾಸ್ತಿಯಾಯಿತೇನೋ ಎಂದು ಅವರಿಗೆ ಅನ್ನಿಸಿರಬೇಕು. "ಉಪ್ಪು ಒಂದು ಚಿಟಿಕೆ ಕಮ್ಮಿ ಇತ್ತೋ ಏನೋ," ಎಂದರು.

ಪೇಂಟರ್ ಎರಡನೇ ಪದರ ಎಳೆಯುತ್ತಲೇ, ತಲೆ ಎತ್ತದೆ ಹೇಳಿದ. "ಇಲ್ಲ ಅಪ್ಪಾ. ಅಲ್ಲಿ ಹೀಗೇ ಇರ್ತಿತ್ತು."

ಅಪ್ಪ ಅಮ್ಮನ ಮುಖ ನೋಡಿದರು. ಅಮ್ಮ ಅಕ್ಕನ ಮುಖ ನೋಡಿದಳು. ಅಕ್ಕ ಒಂದು ಗಳಿಗೆ ಯೋಚಿಸಿದಳು.

"ಹೌದು," ಎಂದಳು. "ಹೀಗೇ ಇರ್ತಿತ್ತು."