ಹತ್ತು ನಿಮಿಷದ ಟೇಬಲ್

ಕಳೆದ ಸಂತೆಯ ದಿನ ಆಲ್ದೂರಿನ ಹೋಟೆಲೊಂದರಲ್ಲಿ ನನ್ನನ್ನು ಟೇಬಲಿನಿಂದ ಎಬ್ಬಿಸಲಾಯಿತು. ಎಬ್ಬಿಸಿದ್ದು ಮಾಲೀಕರಲ್ಲ, ಸಪ್ಲೈಯರ್ ಅಲ್ಲ. ಗೋಡೆಯ ಮೇಲಿದ್ದ ಬೋರ್ಡು. ಆ ಬೋರ್ಡು ಬರೆದವನು ನಾನೇ.

(ಈಗಲೇ ನಗಬೇಡಿ. ಪೂರ್ತಿ ಓದಿ, ಆಮೇಲೆ ನಗಿ.)

ನಿಮಗೆ ಗೊತ್ತಿರುವ ಹಾಗೆ ನಾನು ಮೂವತ್ತೊಂದು ವರ್ಷ ಕಾಫಿ ಎಸ್ಟೇಟಿನ ಮ್ಯಾನೇಜರ್ ಆಗಿದ್ದವನು. ಬೆಳಿಗ್ಗೆ ಏಳೂವರೆಗೆ ಗಂಟೆ, ಆಳುಗಳ ಹಾಜರಿ. ಏಳು ಮೂವತ್ತೆರಡಕ್ಕೆ ಬಂದವರು ನನ್ನ ಮುಖ ನೋಡುವ ಬದಲು ವಾಪಸ್ ಹೋಗುವುದೇ ವಾಸಿ ಅಂದುಕೊಳ್ಳುತ್ತಿದ್ದರು. ರಿಟೈರಾಗಿ ವಸ್ತಾರೆ ಹತ್ತಿರ ಮನೆ ಮಾಡಿದ ಮೇಲೂ ಏಳೂವರೆಗೆ ಸರಿಯಾಗಿ ಅಂಗಳಕ್ಕೆ ಬಂದು ನಿಲ್ಲುತ್ತೇನೆ. ಹಾಜರಿಗೆ ಬರುವುದು ಒಂದು ನಾಯಿ. ಅದೂ ತಡವಾಗಿ.

ಇಂಥ ನನ್ನನ್ನು ಆ ಹೋಟೆಲಿನ ಮಾಲೀಕ ಶಾಂತಪ್ಪನವರು ಒಂದು ದಿನ ಗಲ್ಲಾದ ಹತ್ತಿರ ಕರೆದರು. ಅವರ ಕಷ್ಟ ನ್ಯಾಯವಾದದ್ದೇ. ಬೆಳೆಗಾರರು ತಮ್ಮ ಕಾಫಿಯನ್ನು ತಾವೇ ಮಾರಬಹುದು ಅಂತ ಆದಾಗಿನಿಂದ ಸಂತೆಯ ದಿನ ಅವರ ಹೋಟೆಲು ಅರ್ಧ ಹೋಟೆಲು, ಅರ್ಧ ಮಾರ್ಕೆಟ್. ಎದುರಿನ ಎಸ್‌ಟಿಡಿ ಬೂತಿನಲ್ಲಿ ದಲ್ಲಾಳಿಗಳು ರೇಟು ವಿಚಾರಿಸುವುದು, ಒಳಗೆ ಬಂದು ಇಬ್ಬರ ನಡುವೆ ಒಂದು ಬೈಟು ಕಾಫಿ ಹೇಳುವುದು, ಎರಡು ಗಂಟೆ ಕೂರುವುದು.

"ದೋಸೆ ತಿನ್ನೋರು ಬಾಗಿಲಲ್ಲಿ ನಿಂತಿರ್ತಾರೆ ಸಾರ್. ಇವರು ಖಾಲಿ ಲೋಟ ಹಿಡ್ಕೊಂಡು ಬ್ರೆಜಿಲ್‌ನಲ್ಲಿ ಹಿಮ ಬಿತ್ತಾ, ಇಲ್ಲಿ ಕಾಫಿ ರೇಟು ಏರುತ್ತಾ ಅಂತ ಕೇಳ್ತಿರ್ತಾರೆ! ಅಷ್ಟೊಂದು ಆಳುಗಳನ್ನ ಸಂಭಾಳಿಸಿದವರು ನೀವು. ನಾಲ್ಕು ರೂಲ್ಸ್ ಬರ್ದುಕೊಡಿ" ಅಂದರು.

ನಾಲ್ಕು ಕೇಳಿದರು. ನಾನು ಒಂಬತ್ತು ಬರೆದೆ.

ಬೈಟು ಇಲ್ಲ. ತಿಂಡಿ ಮುಗಿದ ಹತ್ತು ನಿಮಿಷದಲ್ಲಿ ಟೇಬಲ್ ಬಿಡಬೇಕು. ಟವೆಲ್, ಛತ್ರಿ ಇಟ್ಟು ಸೀಟು ಹಿಡಿಯಬಾರದು. ಚಟ್ನಿ ಎರಡೇ ಸಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಭಟ್ಟರನ್ನು ಮಾತಾಡಿಸಬಾರದು. ಹೀಗೆ. ಹಳದಿ ಬೋರ್ಡು, ಕೆಂಪು ಅಕ್ಷರ. ಪೇಂಟರ್ ಬರೆಯುವಾಗ ಹಿಂದೆ ನಿಂತು ಸಾಲು ಸೊಟ್ಟಗಾಗದ ಹಾಗೆ ನೋಡಿಕೊಂಡವನೂ ನಾನೇ.

ಮೊದಲ ವಾರ ಹೋಟೆಲು ಗುಡಿಸಿದ ಕಾಫಿ ಕಣದ ಹಾಗೆ ಚೊಕ್ಕವಾಗಿತ್ತು. ಆದರೆ ಒಂದು ವಿಚಿತ್ರ ಗಮನಿಸಿದೆ. ಯಾರಿಗಾಗಿ ಬೋರ್ಡು ಹಾಕಿದೆವೋ ಆ ದಲ್ಲಾಳಿಗಳು ಹತ್ತು ನಿಮಿಷಕ್ಕೊಂದು ವಡೆ ಹೇಳಿ ಮೂಲೆಯ ಟೇಬಲಿನಲ್ಲಿ ಆರಾಮಾಗಿ ಇದ್ದರು. ಹೆದರಿದವರು ಬೇರೆಯವರು. ಬಸ್ಸಿಗೆ ಕಾಯುವ ಟೀಚರಮ್ಮ ಕಾಫಿಯನ್ನು ಬಿಸಿಬಿಸಿ ಗುಟುಕರಿಸಿ ಎದ್ದರು. ಹಲ್ಲಿಲ್ಲದ ಅಜ್ಜನೊಬ್ಬ ಸಾಂಬಾರಿನಲ್ಲಿ ಇಡ್ಲಿ ನೆನೆಯುವ ಮೊದಲೇ ಗಡಿಯಾರ ನೋಡತೊಡಗಿದ. ಎಲ್ಲ ಹೋಟೆಲುಗಳ ಕಥೆಯೂ ಇದೇ ಅಲ್ಲವೇ? ರೂಲು ಬರೆಯುವುದು ಕಿಡಿಗೇಡಿಗೆ. ಓದಿ ಪಾಲಿಸುವುದು ಪಾಪದವರು.

(ಆವತ್ತು ನನಗೆ ಹೀಗೆ ಅನ್ನಿಸಲಿಲ್ಲ. ಆವತ್ತು ಅನ್ನಿಸಿದ್ದು: ಅಜ್ಜನಿಗೆ ಒಳ್ಳೆಯ ಶಿಸ್ತು.)

ಈಗ ನನ್ನ ಹೆಂಡತಿಯ ಅಣ್ಣನ ವಿಷಯ. ಕಳಸದ ಕಡೆ ಅವರ ತೋಟ. ನಾನೂ ಅವರಿಗೆ ಭಾವ, ಅವರೂ ನನಗೆ ಭಾವ. ಎರಡು ವರ್ಷದಿಂದ ನಮಗೆ ಮಾತಿರಲಿಲ್ಲ. ಕಾರಣ ಅವರ ಮಗಳ ಮದುವೆ. ಆಮಂತ್ರಣದಲ್ಲಿ ಭೋಜನ ಹನ್ನೆರಡೂವರೆಗೆ ಅಂತ ಅಚ್ಚಾಗಿತ್ತು. ನಾನು ಹನ್ನೆರಡೂವರೆಗೆ ಎಲೆಯ ಮುಂದೆ ಕೂತೆ. ಮುಹೂರ್ತ ತಡವಾದರೆ ಅದು ನನ್ನ ತಪ್ಪೇ? ಬೀಗರಿಗೇ ಇನ್ನೂ ಎಲೆ ಹಾಕಿರಲಿಲ್ಲ. ನನ್ನ ಪಂಕ್ತಿಯಲ್ಲಿದ್ದವರು ದಿಬ್ಬಣದ ಬಸ್ಸಿನ ಡ್ರೈವರ್ ಮತ್ತು ಕ್ಲೀನರ್. ಧಾರೆಗೆ ಕರೆಯಲು ಭಾವ ಬೀಗರ ಜೊತೆ ಹುಡುಕಿಕೊಂಡು ಬಂದಾಗ ನಾನು ಎರಡನೇ ಸಲ ಸಾರು ಬಡಿಸಿಕೊಳ್ಳುತ್ತಿದ್ದೆ. ಬೀಗರ ಎದುರೇ ಅವರೆಂದರು: "ಅಷ್ಟು ಹಸಿದು ಬಂದಿದ್ದೀರಾ ಭಾವ?" ನಾನು ಎಡಗೈಯಲ್ಲಿ ಜೇಬಿನಿಂದ ಆಮಂತ್ರಣ ತೆಗೆದು ತೋರಿಸಿದೆ.

ತೋರಿಸಬಾರದಿತ್ತು.

ಆಮೇಲೆ ಎರಡು ಗೌರಿ ಹಬ್ಬ ಹೋದವು. ನನ್ನ ಹೆಂಡತಿಗೆ ತವರಿನ ಬಾಗಿನ ಬರಲಿಲ್ಲ. ಅವಳು ಜಗಳವಾಡುವವಳಲ್ಲ. ಹಬ್ಬದ ಬೆಳಿಗ್ಗೆ ಹೊಸ ಸೀರೆ ಉಟ್ಟು, ಕಳಸದ ಬಸ್ಸು ಬರುವ ಹೊತ್ತಿಗೆ ಗೇಟಿನ ಹತ್ತಿರ ಹೂ ಕೊಯ್ಯುವ ನೆಪದಲ್ಲಿ ನಿಲ್ಲುತ್ತಿದ್ದಳು. ಬಸ್ಸು ಹೋದ ಮೇಲೆ ಒಳಗೆ ಬರುತ್ತಿದ್ದಳು. ಈ ಸಲ ಹಬ್ಬ ಹತ್ತಿರ ಬಂದಾಗ ಹೇಳಿಯೇ ಬಿಟ್ಟಳು. "ಅಣ್ಣ ಇಲ್ಲಿಗೆ ಬರಲ್ಲ. ನೀವು ಅಲ್ಲಿಗೆ ಹೋಗಲ್ಲ. ಆಲ್ದೂರಿನ ಹೋಟೆಲಿಗೆ ಇಬ್ಬರೂ ಹೋಗ್ತೀರಲ್ಲ? ಅಲ್ಲೇ ಮುಗಿಸ್ಕೊಳ್ಳಿ. ಈ ಸಲವೂ ಆಗದಿದ್ರೆ ನಾನು ಇನ್ನು ಕೇಳಲ್ಲ."

ಹೋಟೆಲು ಇರುವುದೇ ಇದಕ್ಕಲ್ಲವೇ? ಒಬ್ಬರ ಮನೆಗೊಬ್ಬರು ಹೋಗಲಾರದವರಿಗೂ ಅಲ್ಲಿ ಎದುರುಬದುರು ಕುರ್ಚಿ ಸಿಗುತ್ತದೆ.

ಭಾವ ಬಂದರು. ಎರಡು ಮಸಾಲೆ ದೋಸೆ ಹೇಳಿದೆವು. ದೋಸೆ ಮುಗಿಯುವ ತನಕ ನಾವಾಡಿದ್ದು ಎರಡೇ ಮಾತು. "ಮೆಣಸಿನ ಫಸಲು ಹೇಗೆ?" "ಪರವಾಗಿಲ್ಲ." ತಟ್ಟೆ ಎತ್ತಿದರು. ಮಳೆಯ ಮಾತಿನಲ್ಲಿ ನಾಲ್ಕು ನಿಮಿಷ, ಆಳುಗಳ ಅಭಾವದಲ್ಲಿ ನಾಲ್ಕು ನಿಮಿಷ ಹೋಯಿತು. ಆಮೇಲೆ ಭಾವ ನೀರಿನ ಲೋಟವನ್ನು ತಿರುಗಿಸುತ್ತ ತಲೆ ತಗ್ಗಿಸಿ ಶುರುಮಾಡಿದರು.

"ಭಾವ, ಆವತ್ತು ಛತ್ರದಲ್ಲಿ ನಾನೂ ಸ್ವಲ್ಪ..."

ಗಡಿಯಾರದಲ್ಲಿ ಹತ್ತು ನಿಮಿಷ ಆಯಿತು. ನಾನು ಎದ್ದು ನಿಂತೆ.

ಯಾಕೆ ಎದ್ದೆ? ದೇವರಾಣೆ ಗೊತ್ತಿಲ್ಲ. ಮೂವತ್ತೊಂದು ವರ್ಷ ಪಳಗಿದ ಕಾಲು. ಅದು ಗಡಿಯಾರದ ಮಾತು ಕೇಳುತ್ತದೆ, ನನ್ನ ಮಾತು ಕೇಳುವುದಿಲ್ಲ.

ಭಾವನ ಮುಖ ಕೆಂಪಾಯಿತು. "ಗೊತ್ತಾಯ್ತು ಬಿಡಿ. ಮಾತು ಮುಗಿಸೋಕೂ ಬಿಡದಷ್ಟು ಸಿಟ್ಟಿದ್ರೆ ನಾನಾದ್ರೂ ಏನು ಮಾಡ್ಲಿ? ಬಂದಿದ್ದೆ ಅಂತ ತಂಗಿಗೆ ಹೇಳಿ, ಸಾಕು." ಛತ್ರಿ ತೆಗೆದುಕೊಂಡು ಹೊರಟೇಬಿಟ್ಟರು. ನನಗೆ ಗೇಟಿನ ಹತ್ತಿರ ಹೂ ಕೊಯ್ಯುವವಳು ಕಣ್ಣ ಮುಂದೆ ಬಂದಳು.

ತಡೆದವನು ಸಪ್ಲೈಯರ್ ಗೋವಿಂದ. ಇಪ್ಪತ್ತು ವರ್ಷದಿಂದ ಅಲ್ಲಿ ಟೇಬಲ್ ಒರೆಸುತ್ತಿರುವವನು. "ಗೌಡ್ರೇ, ತಡೀರಿ. ಇವರು ಸಿಟ್ಟಿಗೆ ಎದ್ದಿದ್ದಲ್ಲ. ಟೈಮಿಗೆ ಎದ್ದಿದ್ದು. ಅಲ್ಲಿ ನೋಡಿ" ಅಂತ ಒದ್ದೆ ಬಟ್ಟೆಯಿಂದಲೇ ಬೋರ್ಡು ತೋರಿಸಿದ.

ಭಾವ ಕನ್ನಡಕ ಹಾಕಿಕೊಂಡು ಒಂಬತ್ತೂ ರೂಲುಗಳನ್ನು ಗಟ್ಟಿಯಾಗಿ ಓದಿದರು. ಹೋಟೆಲಿಗೆ ಹೋಟೆಲೇ ತಿರುಗಿ ನೋಡಿತು. "ಇದನ್ನ ಬರೆದ ಪುಣ್ಯಾತ್ಮ ಯಾರು?"

ಶಾಂತಪ್ಪನವರು ಗಲ್ಲಾದಿಂದ ಹೆಮ್ಮೆಯಿಂದ ಹೇಳಿದರು: "ನಿಮ್ಮ ಭಾವನವರೇ!"

ಭಾವ ಬೋರ್ಡು ನೋಡಿದರು. ನನ್ನನ್ನು ನೋಡಿದರು. ಮತ್ತೆ ಬೋರ್ಡು ನೋಡಿದರು. ಆಮೇಲೆ ನಗು ಶುರುವಾಯಿತು ನೋಡಿ, ಗೋಡೆಗೆ ಕೈಯಿಟ್ಟು ನಿಲ್ಲಬೇಕಾಯಿತು. "ಅಯ್ಯೋ ಮಾರಾಯ್ರೇ! ಎರಡು ವರ್ಷ ನಾನು ಇದನ್ನ ಅಹಂಕಾರ ಅಂದ್ಕೊಂಡಿದ್ದೆ. ಇದು ಕಾಯಿಲೆ!"

ಮೂಲೆಯ ದಲ್ಲಾಳಿಗಳೂ ನಕ್ಕರು. (ಅವರಿಗೇನು ಕೆಲಸ?) ನಾನು ಕೂತೆ. "ಮೊದಲೇ ಎಲೆ ಮುಂದೆ ಕೂತದ್ದು ತಪ್ಪಾಯ್ತು ಭಾವ. ಕಾರ್ಡು ತೋರಿಸಿದ್ದು ಅದಕ್ಕಿಂತ ತಪ್ಪು" ಅಂದೆ. ಎರಡು ವರ್ಷ ಗಂಟಲಲ್ಲಿದ್ದದ್ದನ್ನು ಹೇಳಲು ಅರ್ಧ ನಿಮಿಷವೂ ಹಿಡಿಯಲಿಲ್ಲ.

ಭಾವ ಕಣ್ಣೊರೆಸಿಕೊಂಡು ಕೂತರು. "ಗೋವಿಂದ, ಒಂದು ಬೈಟು."

"ಬೈಟು ಇಲ್ಲ ಗೌಡ್ರೇ. ಒಂದನೇ ರೂಲು."

ಶಾಂತಪ್ಪನವರು ಗಲ್ಲಾ ಬಿಟ್ಟು ಎದ್ದು ಬಂದರು. ಹೆಗಲ ಮೇಲಿನ ಟವೆಲ್ ತೆಗೆದು ಬೋರ್ಡಿನ ಮೇಲೆ ಹಾಕಿದರು. ಬೈಟು ಬಂತು.

ಒಟ್ಟು ಒಂದು ಗಂಟೆ ಐವತ್ತು ನಿಮಿಷ ಕೂತಿದ್ದೆವು. (ಲೆಕ್ಕ ಇಟ್ಟಿದ್ದೇನೆ. ಕಾಯಿಲೆ ಅಂದರಲ್ಲ.) ಬಾಗಿಲಲ್ಲಿ ದೋಸೆಗೆ ಕಾಯುತ್ತಿದ್ದವರೊಬ್ಬರು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ನಾನು ಖಾಲಿ ಲೋಟ ಹಿಡಿದುಕೊಂಡು, ಬ್ರೆಜಿಲ್‌ನಲ್ಲಿ ಈ ಸಲ ಹಿಮ ಬೀಳಬಹುದೇ ಅಂತ ಭಾವನನ್ನು ಕೇಳಿದೆ.

ಆ ಟವೆಲ್ ಇನ್ನೂ ಅಲ್ಲೇ ಇದೆಯಂತೆ.

ಬಸ್ಸು ಹತ್ತುವಾಗ ಭಾವ ಹೇಳಿದರು: "ಹಬ್ಬಕ್ಕೆ ತಂಗೀನ ಕರ್ಕೊಂಡು ಬನ್ನಿ. ಬಾಗಿನ ಅವಳ ಕೈಗೇ ಕೊಡ್ತೀನಿ. ನಿಮಗೂ ಅಲ್ಲೇ ಊಟ."

ನಾನು ಡೈರಿ ತೆಗೆದೆ. "ಊಟ ಎಷ್ಟು ಗಂಟೆಗೆ ಭಾವ?"

"ಎಲ್ಲರೂ ಬಂದ ಮೇಲೆ" ಅಂದರು. ಬಸ್ಸು ಹೊರಟಿತು.

ಇಂಥ ಉತ್ತರ ಇಟ್ಟುಕೊಂಡು ಮನುಷ್ಯ ಮನೆಯಿಂದ ಎಷ್ಟು ಗಂಟೆಗೆ ಹೊರಡಬೇಕು, ನೀವೇ ಹೇಳಿ?