ಬಂಗಾರ ಒಂದರಿಂದ ಏಳು

ಕಾಕಾರ ಎರಡೂ ಕಿವಿಗಳಲ್ಲಿ ಸದಾ ಹತ್ತಿ ಇರುತ್ತಿತ್ತು. ಕೊಬ್ಬರಿ ಎಣ್ಣೆಯಲ್ಲಿ ಅದ್ದಿ, ಹಿಂಡಿ, ಬತ್ತಿಯ ಹಾಗೆ ಹೊಸೆದು ಒಳಗೆ ತುರುಕಿಕೊಂಡ ಹತ್ತಿ. ಅದರ ಎಣ್ಣೆ ಇಳಿದು ಕಿವಿಯ ಹಾಲೆಗಳು ಮಿರುಗುತ್ತಿದ್ದವು. ಬಸ್ಸಿನಲ್ಲಿ, ಸಂತೆಯಲ್ಲಿ, ಒಮ್ಮೆ ಯಾರದೋ ಮದುವೆಯ ಪಂಕ್ತಿಯಲ್ಲಿ ಕೂಡ ಅವರನ್ನು ನಾನು ಹಾಗೆಯೇ ನೋಡಿದ್ದೇನೆ. ಭಾನುವಾರ ಸ್ನಾನವಾದ ಮೇಲೆ ಮಾತ್ರ ಅದನ್ನು ಹೊರತೆಗೆದು, ರೆಕಾರ್ಡ್ ಪ್ಲೇಯರಿನ ಪಕ್ಕದ ಸ್ಟೀಲ್ ಬಟ್ಟಲಿನಲ್ಲಿ ಇಡುತ್ತಿದ್ದರು. ಆಮೇಲೆ ಆ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ.

ಥಾಣೆಯ ವರ್ತಕ ನಗರದಲ್ಲಿ ಅವರದು ನಮ್ಮ ಮೇಲಿನ ಮನೆ. ನಾವು ಉಡುಪಿ ಕಡೆಯವರು, ಅವರು ಗದಗಿನವರು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಟೆಲಿಫೋನ್ ಆಪರೇಟರ್ ಕೆಲಸ ಸಿಕ್ಕಿ ಅಣ್ಣನ ಮನೆಗೆ ಬಂದಾಗ, ಕಟ್ಟಡದಲ್ಲಿ ಕನ್ನಡ ಮಾತಾಡುವ ಮನೆಗಳು ಇವೆರಡೇ. ಮಕ್ಕಳಿಲ್ಲದ ಆ ದಂಪತಿಯನ್ನು ಇಡೀ ಕಟ್ಟಡ ಕಾಕಾ, ಕಾಕೂ ಎನ್ನುತ್ತಿತ್ತು, ಅಂದರೆ ಚಿಕ್ಕಪ್ಪ, ಚಿಕ್ಕಮ್ಮ. ನಾನೂ ಹಾಗೇ ಕರೆದೆ. ಕಾಕಾ ನನ್ನನ್ನು ‘ತಂಗಿ’ ಎನ್ನುತ್ತಿದ್ದರು. ಕಾಕಾ ಎಂದವಳಿಗೆ ತಂಗಿ ಎನ್ನುವುದು ಯಾವ ಲೆಕ್ಕದ ಸಂಬಂಧ ಎಂದು ನಮ್ಮ ಅತ್ತಿಗೆಗೆ ಕೊನೆಯವರೆಗೂ ಬಗೆಹರಿಯಲಿಲ್ಲ.

ಕಾಕಾ ರಬಾಳೆಯ ಒಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಯಂತ್ರದ ಮೇಲಿದ್ದರು. ಅಲ್ಲಿ ದಿನವಿಡೀ ಕಬ್ಬಿಣದ ಮೇಲೆ ಕಬ್ಬಿಣ ಬೀಳುತ್ತಿತ್ತು. ಜೊತೆಯ ಕೆಲಸಗಾರರಲ್ಲಿ ಅರ್ಧ ಜನ ಮನೆಯಲ್ಲೂ ಕೂಗಿಯೇ ಮಾತಾಡುತ್ತಿದ್ದರಂತೆ. ಹತ್ತಿ ಯಾಕೆಂದು ನಾನು ಕೇಳಿದಾಗ ಕಾಕಾ ಹೇಳಿದ್ದು ಇಷ್ಟೇ: “ಆರು ದಿನಾ ಕೈಕಾಲು ಕಂಪನಿಗೆ ಕೊಡ್ತೀನಿ. ಕಿವಿ ಮಾತ್ರ ಐತವಾರದ್ದು.”

ಭಾನುವಾರ ಬೆಳಿಗ್ಗೆ ಲೋಕಲ್ ಹಿಡಿದು ಕಲ್ಯಾಣಕ್ಕೆ ಹೋಗುತ್ತಿದ್ದರು. ಅಲ್ಲಿ ಒಂದು ಭಂಗಾರದಂಗಡಿ. ಮುಂಬೈ ಕಡೆ ಗುಜರಿಗೆ ಭಂಗಾರ್ ಎನ್ನುತ್ತಾರೆ. ಒಡೆಯಲು ಬಂದ ಹಡಗುಗಳ ಸಾಮಾನಿನ ಜೊತೆ ಆ ಅಂಗಡಿಗೆ ಗ್ರಾಮಫೋನ್ ರೆಕಾರ್ಡುಗಳೂ ಬರುತ್ತಿದ್ದವು. ಹೆಚ್ಚಿನವಕ್ಕೆ ಹೊದಿಕೆ ಇರುತ್ತಿರಲಿಲ್ಲ. ನಡುವಿನ ಚೀಟಿ ಹರಿದಿರುತ್ತಿತ್ತು, ಇಲ್ಲವೇ ನಮಗ್ಯಾರಿಗೂ ಓದಲು ಬಾರದ ಭಾಷೆಯಲ್ಲಿರುತ್ತಿತ್ತು. ಅಂಗಡಿಯವನು “ಜಹಾಜ್ ಕಾ ಮಾಲ್ ಹೈ” ಎಂದರೆ ಕಾಕಾರಿಗೆ ಅಷ್ಟೇ ಸಾಕಿತ್ತು.

ಗದಗಿನ ನಾಲಿಗೆಯಲ್ಲಿ ಭಂಗಾರ್ ಎಂಬುದು ಬಂಗಾರವೇ ಆಗುತ್ತಿತ್ತು. ‘ಇವರು ಪ್ರತಿ ಐತವಾರ ಬಂಗಾರದಂಗಡಿಗೆ ಹೋಗ್ತಾರ’ ಎಂದು ಕಾಕೂ ತವರಿಗೆ ಬರೆದ ಕಾಗದ ಅಲ್ಲಿ ದೊಡ್ಡ ಸುದ್ದಿಯಾಯಿತು. ಮುಂದಿನ ತಿಂಗಳು ಕಾಕೂ ಅವರ ತಾಯಿ, ಕಿರಿಯ ಮಗಳ ಮದುವೆಗೆ ಒಡವೆ ಆರಿಸಲು ಅಳಿಯನೇ ಸರಿ ಎಂದು ಆ ಮಗಳನ್ನೂ ಕರೆದುಕೊಂಡು ರೈಲು ಹತ್ತಿ ಬಂದೇಬಿಟ್ಟರು. ಇಬ್ಬರೂ ಇಳಕಲ್ ಸೀರೆ ಉಟ್ಟು ತಯಾರಾದರು. ಕಾಕಾ ಕಿವಿಯಲ್ಲಿ ಹತ್ತಿ ಇಟ್ಟುಕೊಂಡು, ಅತ್ತೆಯ ಮಾತು ಸರಿಯಾಗಿ ಕೇಳಿಸದೆ, ಇವರಿಗೂ ಹಾಡಿನ ಹುಚ್ಚು ಇರಬೇಕೆಂದು ಸಂತೋಷದಿಂದಲೇ ಕಲ್ಯಾಣಕ್ಕೆ ಕರೆದೊಯ್ದರು. ಹಡಗಿನ ಸರಪಳಿ, ತುಕ್ಕು ಹಿಡಿದ ಮಂಚಗಳ ನಡುವೆ ನಿಂತು ಅತ್ತೆ ಕೇಳಿದರಂತೆ, “ಅಳಿಯಂದ್ರ, ಬಂಗಾರ ಎಲ್ಲದ?” ಕಾಕಾ ರೆಕಾರ್ಡಿನ ರಾಶಿ ತೋರಿಸಿ, “ಇಲ್ಲೇ ಐತಲ್ರಿ, ಆರಿಸ್ಕೋಬೇಕು” ಎಂದರಂತೆ. ಅತ್ತೆ ಮಾರನೇ ದಿನವೇ ಊರಿಗೆ ಹೊರಟರು. ಕಾಕಾರಿಗೆ ಮಾತ್ರ ಆ ಹೆಸರು ಹಿಡಿಸಿಬಿಟ್ಟಿತು. ಅಂದಿನಿಂದ ತಾವು ಮಾಡುವ ಕ್ಯಾಸೆಟ್ಟುಗಳ ಬೆನ್ನಿನ ಮೇಲೆ ‘ಬಂಗಾರ ೧’, ‘ಬಂಗಾರ ೨’ ಎಂದು ಬರೆಯತೊಡಗಿದರು.

ಆ ಕ್ಯಾಸೆಟ್ ಮಾಡುವುದು ಸಣ್ಣ ಕೆಲಸವಾಗಿರಲಿಲ್ಲ. ತಂದ ರೆಕಾರ್ಡುಗಳನ್ನು ಅಂಟುವಾಳದ ನೊರೆಯಲ್ಲಿ ತೊಳೆದು, ಅಡುಗೆಮನೆಯ ತಟ್ಟೆಗಳ ಸ್ಟ್ಯಾಂಡಿನಲ್ಲೇ ಒಣಗಿಸುತ್ತಿದ್ದರು. “ಒಂದಿನಾ ಇದರಾಗ ಅನ್ನಾ ಬಡಿಸ್ತೀನಿ, ತಿಳೀತದ ನಿಮಗ” ಎನ್ನುತ್ತಿದ್ದರು ಕಾಕೂ. ಒಂದು ರೆಕಾರ್ಡಿನಿಂದ ಒಂದೇ ಹಾಡು, ಅದೂ ಸಿಕ್ಕರೆ. ಅದನ್ನು ಮೂರು ಭಾನುವಾರ ಕೇಳಬೇಕು. ಮೆಚ್ಚಿದ ಪ್ರತಿ ಸಲಕ್ಕೂ ಒಂದು ಚೀಟಿಯಲ್ಲಿ ಒಂದು ಟಿಕ್ ಗುರುತು. “ಒಂದು ವಾರ ಚಲೋ ಅನಿಸಿದ್ದು ಮುಂದಿನ ವಾರ ಹಳಸಿರ್ತದ” ಎನ್ನುತ್ತಿದ್ದರು. ಮೂರು ಟಿಕ್ ಬಿದ್ದದ್ದು ಮಾತ್ರ ಕ್ಯಾಸೆಟ್ಟಿಗೆ. ರೆಕಾರ್ಡು ಮರಳಿ ಅದೇ ಅಂಗಡಿಗೆ. ಹಾಡಿನ ಹೆಸರು ಗೊತ್ತಿಲ್ಲದ್ದರಿಂದ ತಾವೇ ಹೆಸರಿಡುತ್ತಿದ್ದರು: ‘ನೆಗೆಣ್ಣಿಯರ ಜಗಳ’, ‘ತಪ್ಪಿದ ಬಸ್ಸು’, ‘ಹೊಟ್ಟಿ ತುಂಬಿದ ಡೊಳ್ಳು’. ಅವುಗಳಲ್ಲಿ ಕೆಲವು ಜಾಝ್, ಕೆಲವು ಫಂಕ್, ಉಳಿದವು ಆಫ್ರಿಕಾದವೋ ಬ್ರೆಝಿಲ್ಲಿನವೋ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ಕಾಕಾರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಗೊತ್ತು ಮಾಡಿಕೊಳ್ಳುವ ಆಸೆಯೂ ಅವರಿಗೆ ಇದ್ದಂತಿರಲಿಲ್ಲ.

ನಾನು ಆ ಮನೆಗೆ ಮೊದಲು ಹೋದದ್ದು ಜಗಳಕ್ಕೆ. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದೆ, ಮೇಲೆ ಡೋಲು ಶುರುವಾಯಿತು. ಸಿಟ್ಟಿನಲ್ಲಿ ಮೆಟ್ಟಿಲು ಹತ್ತಿ ಹೇಳಿದೆ, “ಡೋಲು ಪರವಾಗಿಲ್ಲ ಮಾರಾಯ್ರೆ, ನಡುವೆ ಒಂದು ಟಿಕ್ ಟಿಕ್ ಶಬ್ದ ಉಂಟಲ್ಲ, ಅದು ತಲೆ ತಿನ್ನುತ್ತದೆ.”

“ಯಾವ ಟಿಕ್ ಟಿಕ್?” ಎಂದರು ಕಾಕಾ.

ಮತ್ತೆ ಹಾಕಿದರು. ರೆಕಾರ್ಡಿನ ಗೀರಿನ ಮೇಲೆ ಮುಳ್ಳು ಹಾಯುವ ಶಬ್ದ, ಸುತ್ತಿಗೊಮ್ಮೆ ಸ್ಪಷ್ಟವಾಗಿ ಬರುತ್ತಿತ್ತು. ನಾನು ಬೆರಳೆತ್ತಿ ತೋರಿಸಿದೆ. ಕಾಕೂ ಕೂಡ ಹೌದೆಂದು ತಲೆಯಾಡಿಸಿದರು. ಕಾಕಾ ಕಿವಿಯನ್ನು ಸ್ಪೀಕರಿಗೆ ಹಚ್ಚಿ ಕೂತರು, ಎದ್ದು ಬಟ್ಟಲು ನೋಡಿದರು. ಹತ್ತಿ ಎರಡೂ ಅಲ್ಲೇ ಇದ್ದವು. ಕಾರ್ಖಾನೆಯ ಸದ್ದಿನಲ್ಲಿ ಹತ್ತಿ ತಡೆಯಲಾರದ್ದು ಒಳಗೆ ಹೋಗಿಯಾಗಿತ್ತು. ಡಾಕ್ಟರು ನರ ಸವೆದಿದೆ, ಹೋದದ್ದು ಬರುವುದಿಲ್ಲ, ಉಳಿದದ್ದೂ ಹೋಗುತ್ತದೆ ಎಂದರು. ನಾನು ಬಾಯಿ ಮುಚ್ಚಿಕೊಂಡು ಮಲಗಿದ್ದರೆ ಅವರಿಗೆ ಇನ್ನೊಂದು ವರ್ಷವಾದರೂ ಗೊತ್ತಾಗುತ್ತಿರಲಿಲ್ಲ ಎಂದು ನನಗೆ ಬಹಳ ದಿನ ಸಂಕಟವಾಗುತ್ತಿತ್ತು.

ಎರಡು ವಾರದ ನಂತರ ಕಾಕಾ ತಾವೇ ಕೆಳಗಿಳಿದು ಬಂದರು. ಆಗ ಮೂರು ಕ್ಯಾಸೆಟ್ ಆಗಿದ್ದವು. ಏಳು ಆಗಬೇಕು, ಸ್ವರ ಏಳಲ್ಲವೇ, ಎಂದರು. “ಸಣ್ಣ ಸಪ್ಪಳ ನನಗ ಸಿಗಂಗಿಲ್ಲ ತಂಗಿ. ನೀ ಕೇಳಿ ಹೇಳಬೇಕು. ಟೆಲಿಫೋನಿನಾಗ ಹೇಳ್ದಂಗ. ಲೈನ್ ಇಲ್ಲಾ ಅಂದ್ರ ಇಲ್ಲ. ಪಾಪ ಅಂತ ಹೇಳಬ್ಯಾಡ.”

ಹೀಗೆ ಭಾನುವಾರಗಳು ನನ್ನವೂ ಆದವು. ಗೀರು ಇದೆ, ಇಲ್ಲ, ತುತ್ತೂರಿ ಒಡೆಯುತ್ತದೆ, ಹಿಂದೆ ಗೆಜ್ಜೆಯ ಹಾಗೆ ಎಂಥದೋ ಉಂಟು, ಎಂದು ಹೇಳುತ್ತಾ ಹೇಳುತ್ತಾ ನಾನು ಕೇಳುವುದನ್ನು ಕಲಿತೆ. ಅದಕ್ಕೆ ಮುಂಚೆ ಹಾಡೆಂದರೆ ನನಗೆ ರೇಡಿಯೋ ಮತ್ತು ಭಜನೆ. ನಾಲ್ಕು, ಐದು, ಆರು ಮುಗಿಯುವಷ್ಟರಲ್ಲಿ ಆರೇಳು ವರ್ಷವಾಗಿತ್ತು. ನಾನು ಹೇಳಬೇಕಾದದ್ದು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿತ್ತು.

ಒಂದು ಸೋಮವಾರ ಮೆಟ್ಟಿಲಿನ ಮೇಲೆ ಕಾಕಾ ಎದುರಾದರು. ಕೈಯಲ್ಲಿ ಡಬ್ಬಿ, ಕಂಪನಿಯ ಬಸ್ಸಿಗೆ ಹೊರಟಿದ್ದರು. ಕಿವಿಯಲ್ಲಿ ಹತ್ತಿ ಇರಲಿಲ್ಲ. ನಾನು ನನ್ನ ಕಿವಿ ಮುಟ್ಟಿ ತೋರಿಸಿದೆ, ಮರೆತಿರಬೇಕೆಂದು. ಅವರು ನಕ್ಕು, “ಇನ್ನ ಯಾಕ ಬೇಕು?” ಎಂದು ಇಳಿದು ಹೋದರು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಏಳನೆಯ ಕ್ಯಾಸೆಟ್ಟಿನಲ್ಲಿ ಒಂದು ಹಾಡಿನ ಜಾಗ ಉಳಿದಿತ್ತು. ಒಂದು ಭಾನುವಾರ ಕಾಕಾ ಕಲ್ಯಾಣಕ್ಕೆ ಹೋಗಿ ಒಂದೇ ಒಂದು ರೆಕಾರ್ಡು ತಂದರು. ಕಿಟಕಿಯ ಬಿಸಿಲಿಗೆ ಹಿಡಿದು ನನಗೆ ತೋರಿಸಿದರು. “ಗೆರಿ ನೋಡು, ಎಷ್ಟು ದಟ್ಟ ಅದಾವ. ಇದರಾಗ ಭಾಳ ಮಂದಿ ಬಾರಿಸ್ಯಾರ.” ಸ್ಪೀಕರಿನ ಮರದ ಪೆಟ್ಟಿಗೆಯ ಮೇಲೆ ಅಂಗೈ ಊರಿ ಕೂತರು. ಈಗ ಅವರು ಹಾಗೆಯೇ ಕೇಳುತ್ತಿದ್ದದ್ದು.

ಅದು ಹಾಡಾಗಿರಲಿಲ್ಲ. ಯಾವನೋ ಒಬ್ಬ ಗಂಡಸು ಯಾವುದೋ ಭಾಷೆಯಲ್ಲಿ ಒಂದೇ ಸಮನೆ ಮಾತಾಡುತ್ತಿದ್ದ. ಪಾಠವೋ, ಪ್ರವಚನವೋ. ಕಾಕಾ ನನ್ನ ತುಟಿಯನ್ನೇ ನೋಡುತ್ತಿದ್ದರು. ಟ್ರಂಕ್ ಕಾಲ್ ಜೋಡಿಸುವಾಗ ದಿನಕ್ಕೆ ಎಷ್ಟೋ ಸಲ, ತಾಯಂದಿರಿಗೂ ಹೆಂಡತಿಯರಿಗೂ, ಲೈನ್ ಸಿಗುತ್ತಿಲ್ಲ ಎಂದು ನಿರ್ದಾಕ್ಷಿಣ್ಯವಾಗಿ ಹೇಳುತ್ತಿದ್ದವಳು ನಾನು. ಆಗ ಮಾತ್ರ ಹಾಗೆ ಹೇಳಲು ನನಗೆ ಬಾಯಿ ಬರಲಿಲ್ಲ.

“ಚೆನ್ನಾಗಿ ಉಂಟು ಕಾಕಾ” ಎಂದೆ, ತುಟಿ ಬಿಡಿಸಿ ನಿಧಾನವಾಗಿ. “ಡೋಲು ಉಂಟು. ಕೊಳಲು ಉಂಟು.”

“ತಾಳ?”

“ನಾಲ್ಕರದ್ದು.”

ಅವರು ಚೀಟಿಯಲ್ಲಿ ಏನೋ ಬರೆದು ಮಡಚಿಟ್ಟರು. ಮುಂದಿನ ಭಾನುವಾರ ಮತ್ತೆ ಅದನ್ನೇ ಹಾಕಿದರು. ನಾನು ಮತ್ತೆ ಅದೇ ಸುಳ್ಳು ಹೇಳಿದೆ. ಮೂರನೆಯ ಭಾನುವಾರ ಗಾಬರಿಯಲ್ಲಿ ತುತ್ತೂರಿ ಎಂದುಬಿಟ್ಟೆ. “ಕೊಳಲು ಅಂದಿದ್ದಿ” ಎಂದರು. “ಕೊಳಲೂ ಉಂಟು” ಎಂದೆ. ಕಾಕಾ ತಲೆದೂಗಿ, ರೆಕಾರ್ಡಿಂಗ್ ಗುಂಡಿ ಒತ್ತಿ, ಆ ಗಂಡಸಿನ ಮಾತನ್ನು ಮೊದಲಿನಿಂದ ಕೊನೆಯವರೆಗೆ ಕ್ಯಾಸೆಟ್ಟಿಗೆ ಇಳಿಸಿದರು. ಅಂಗೈ ಪೆಟ್ಟಿಗೆಯ ಮೇಲೇ ಇತ್ತು.

ಅದಾಗಿ ವರ್ಷ ತುಂಬುವ ಮುಂಚೆ, ರಬಾಳೆಯ ರಸ್ತೆ ದಾಟುವಾಗ ಹಿಂದಿನಿಂದ ಬಂದ ಲಾರಿಯ ಹಾರ್ನ್ ಕೇಳಿಸದೆ, ಕಾಕಾ ತೀರಿಕೊಂಡರು. ಹದಿಮೂರನೆಯ ದಿನ ಕಳೆದ ಮೇಲೆ ಕಾಕೂ ಏಳೂ ಕ್ಯಾಸೆಟ್ಟುಗಳನ್ನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ತಂದರು. “ನನಗ ಇವು ತಿಳಿಯಂಗಿಲ್ಲವ್ವಾ. ಇವು ನಿನಗ ಅಂತ ಅವರು ಮೊದಲ ಹೇಳ್ಯಾರ.”

ನಾನು ಏಳನೆಯದನ್ನೇ ಮೊದಲು ತೆಗೆದೆ. ಮುಚ್ಚಳದ ಒಳಗಿನ ಕಾಗದದಲ್ಲಿ ಹಾಡುಗಳ ಹೆಸರುಗಳನ್ನು ಕಾಕಾ ತಮ್ಮ ಗುಂಡಗಿನ ಅಕ್ಷರದಲ್ಲಿ ಬರೆದಿದ್ದರು. ಕೊನೆಯ ಹೆಸರು, ‘ತಂಗಿ ಹೇಳಿದ ಸುಳ್ಳು’. ಎಷ್ಟೋ ವರ್ಷ ತಾಳ ಹಾಕಿದ ಅಂಗೈಗೆ ಡೋಲು ಯಾವುದು, ಮಾತು ಯಾವುದು ಎಂದು ತಿಳಿಯದೇ ಇರುತ್ತದೆಯೇ? ಅಷ್ಟು ದೊಡ್ಡವಳಾಗಿದ್ದೂ ನನಗೆ ಅದು ಹೊಳೆದಿರಲಿಲ್ಲ.

ಹೆಸರಿನ ಕೆಳಗೆ, ಮಡಚಿದ ಗೆರೆ ಇನ್ನೂ ಉಳಿದಿದ್ದ ಆ ಚೀಟಿಯನ್ನು ಅಂಟಿಸಿದ್ದರು. ಅದರಲ್ಲಿ ಮೂರು ಟಿಕ್ ಗುರುತುಗಳಿದ್ದವು.