ಹೀರೆಬಳ್ಳಿ ಹತ್ತದ ಚಪ್ಪರ

ನಾನು ಶಾಲೆ ಬಿಟ್ಟದ್ದು ಸಾವಿರದ ಒಂಬೈನೂರ ಎಂಬತ್ತಮೂರರಲ್ಲಿ, ಏಳನೆಯ ಇಯತ್ತೆಯ ನಡುವೆ. ಬಿಟ್ಟೆ ಎನ್ನುವುದಕ್ಕಿಂತ, ನಾನೂ ಶಾಲೆಯೂ ಒಬ್ಬರನ್ನೊಬ್ಬರು ಬಿಟ್ಟೆವು ಎನ್ನುವುದು ಸರಿ. ಇಬ್ಬರಲ್ಲಿ ಯಾರೂ ಅತ್ತ ನೆನಪಿಲ್ಲ. ಮುಂದೆ ಹಿರೇಕೆರೂರಿನ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಸುತ್ತಿಗೆ ಹಿಡಿದೆ. ಈಗ ಅದೇ ಊರಿನಲ್ಲಿ ನನ್ನದೇ ಅಂಗಡಿ ಇದೆ. ಈ ಭಾಗದಲ್ಲಿ ಯಾರ ಮನೆಯ ಗೇಟಾದರೂ ಕಿರುಗುಟ್ಟದೆ ತೆರೆದುಕೊಂಡರೆ ಅದು ನನ್ನ ಕೈಯದೇ ಎಂದು ತಿಳಿಯಿರಿ. ಇದನ್ನು ನೀವು ಜಂಬವೆಂದುಕೊಂಡರೆ ನನ್ನದೇನೂ ತಕರಾರಿಲ್ಲ. ನನ್ನ ಹೆಂಡತಿ ಶಾಂತವ್ವನೂ ಹಾಗೆಯೇ ಅಂದುಕೊಂಡಿದ್ದಾಳೆ.

ಅಂಗಡಿ ನನ್ನದು, ಹಿತ್ತಲು ಅವಳದು. ವರ್ಷದಲ್ಲಿ ಹತ್ತು ತಿಂಗಳು ಈ ಗಡಿಯನ್ನು ಇಬ್ಬರೂ ಮೀರುವುದಿಲ್ಲ. ಆದರೆ ಭಾದ್ರಪದ ಬಂತೆಂದರೆ ಹಿತ್ತಲು ಕಚೇರಿಯಾಗುತ್ತದೆ, ಶಾಂತವ್ವ ಸಾಹೇಬಳಾಗುತ್ತಾಳೆ, ನಾನು ಜವಾನನಾಗುತ್ತೇನೆ. ಜಡಿಮಳೆ ನಿಂತು ಬಿಸಿಲು ಚುರುಗುಟ್ಟುವ ಹೊತ್ತು ಅದು. ಮೊಣಕಾಲೆತ್ತರದ ಕಳೆ ಕೀಳಬೇಕು, ತಿಪ್ಪೆ ಮಗುಚಬೇಕು, ಬಲಿತ ಬೆಂಡೆಯನ್ನು ಬೀಜಕ್ಕೆ ಬಿಡಬೇಕು, ಮೆಂತ್ಯೆ ಕೊತ್ತಂಬರಿಗೆ ಮಡಿ ಮಾಡಬೇಕು. ಇವಕ್ಕೆಲ್ಲ ಶಾಂತವ್ವ ಕ್ಯಾಲೆಂಡರ್ ನೋಡುವವಳಲ್ಲ. ಹುಬ್ಬಿ ಮಳೆ, ಉತ್ತರಿ ಮಳೆ, ಹಸ್ತದ ಮಳೆ ಎಂದು ನಕ್ಷತ್ರಗಳ ಲೆಕ್ಕ ಹಿಡಿಯುತ್ತಾಳೆ. ಆಕಾಶದಲ್ಲಿ ಅಷ್ಟು ದೂರವಿರುವ ನಕ್ಷತ್ರಗಳು ನಮ್ಮ ಕೊತ್ತಂಬರಿಯ ಕಾಳಜಿ ಮಾಡುತ್ತವೆ ಎಂಬುದನ್ನು ನಾನು ಹೆಮ್ಮೆಯಿಂದಲೇ ಒಪ್ಪಿಕೊಂಡಿದ್ದೇನೆ. ಆದರೆ ಅವು ನನಗೆ ಒಂದು ಭಾನುವಾರವನ್ನೂ ಬಿಡುವುದಿಲ್ಲ.

ನಾನು ಯಾವ ಕೆಲಸವನ್ನೂ ಅರೆಬರೆ ಮಾಡುವವನಲ್ಲ. ಮೆಂತ್ಯೆಯ ಮಡಿಗೆ ದಾರ ಎಳೆದೆ, ನಾಲ್ಕೂ ಮೂಲೆಗೆ ಮೂಲೆಮಟ್ಟ ಇಟ್ಟೆ. ಮಡಿ ಎಷ್ಟು ನೇರವಾಯಿತೆಂದರೆ ಅದರ ಮೇಲೆ ಗೋಡೆ ಕಟ್ಟಬಹುದಿತ್ತು. ಮೆಂತ್ಯೆ ಮಾತ್ರ ತನಗೆ ತಿಳಿದ ಕಡೆ ಎದ್ದಿತು. ದೀಪಾವಳಿಗೆ ಹೂ ತುಂಬಬೇಕೆಂದರೆ ಈಗ ಸೇವಂತಿಗೆಯ ಕುಡಿ ಚಿವುಟಬೇಕು ಎಂದಳು ಶಾಂತವ್ವ. ಅಲ್ಲಿ ನಾನು ಕೈ ಹಿಂದೆಗೆದೆ. ನಮ್ಮ ಕಸುಬಿನಲ್ಲಿ ಕತ್ತರಿಸಿದ್ದು ತಾನಾಗಿ ಎರಡಾಗಿ ಬೆಳೆಯುವುದಿಲ್ಲ. ಕತ್ತರಿಸಿದವನೇ ಕೂತು ಬೆಸೆಯಬೇಕು. ಅವಳು ಹತ್ತು ಗಿಡ ಚಿವುಟಿದಳು. ಕೊನೆಯದೊಂದನ್ನು, ಎತ್ತರಕ್ಕೆ ಹೋಗುವ ಉಮೇದು ಇದ್ದದ್ದನ್ನು, ನಾನು ಅಡ್ಡ ನಿಂತು ಉಳಿಸಿದೆ.

ಇಂಥ ಒಂದು ಭಾನುವಾರವೇ ಮಗಳ ಫೋನು ಬಂದದ್ದು. ನಮ್ಮ ರೇಣುಕಾಳನ್ನು ಹತ್ತಿಮತ್ತೂರಿಗೆ ಕೊಟ್ಟಿದ್ದೇವೆ. ಆಗ ಅವಳಿಗೆ ಬಸುರಿನ ನಾಲ್ಕನೆಯ ತಿಂಗಳು ಬಿದ್ದಿತ್ತು. ನೀರು ಕುಡಿದರೂ ವಾಂತಿ.

"ಅಪ್ಪಾ, ಏನ್ ತಿಂದ್ರೂ ನಿಲ್ಲವಲ್ದು. ನಮ್ಮ ಹಿತ್ತಲದಾಗಿನ ಹೀರಿಕಾಯಿ ಸಿಪ್ಪಿ ಚಟ್ನಿ ಇದ್ರ ಒಂದ್ ರೊಟ್ಟಿ ತಿನ್ನತಿದ್ನೇನೋ ಅನಸ್ತದ," ಎಂದಳು. ದನಿ ಬತ್ತಿತ್ತು.

"ಸೀಗಿ ಹುಣ್ವಿಗೆ ಬಾ ಅವ್ವಾ. ಬುಟ್ಟಿ ತುಂಬ ಕಾಯಿ ಬಿಡಸ್ತೇನಿ," ಎಂದುಬಿಟ್ಟೆ.

ಸಂತೆಯಲ್ಲಿ ಹೀರೆಕಾಯಿ ಸಿಗುವುದಿಲ್ಲವೇ ಎಂದು ನೀವು ಕೇಳಬಹುದು. ಸಿಗುತ್ತದೆ, ರಾಶಿ ರಾಶಿ. ಆದರೆ ಅವಕ್ಕೆ ಔಷಧ ಹೊಡೆದಿರುತ್ತಾರೆ. ಚಟ್ನಿ ಆಗುವುದು ಸಿಪ್ಪೆಯದು. ಬಸುರಿ ಮಗಳಿಗೆ ಆ ಸಿಪ್ಪೆ ತಿನ್ನಿಸುವ ಮಾತನ್ನು ಶಾಂತವ್ವ ಕಿವಿಗೂ ಹಾಕಿಕೊಳ್ಳಲಿಲ್ಲ. ಹಿತ್ತಲಿನ ಹೀರೆಬಳ್ಳಿಯ ಗತಿ ನೋಡಿದರೆ, ಶ್ರಾವಣದ ಗಾಳಿಗೆ ಹಳೆಯ ಚಪ್ಪರ ಮುರಿದು ಬಳ್ಳಿ ನೆಲ ಹಿಡಿದಿತ್ತು.

"ನಾಕ್ ತೊಗರಿ ಕಟಿಗಿ ತಂದು ನಿಲ್ಲಸ್ರಿ, ಸಾಕು," ಎಂದಳು ಅವಳು.

"ಕಟಿಗಿ ವರ್ಷಕ್ಕೊಮ್ಮೆ ಮುರೀತಾವ. ನಾ ಹಾಕೂ ಚಪ್ಪರ ಮೊಮ್ಮಕ್ಕಳೂ ನೋಡಬೇಕು, ಹಂಗ ಹಾಕ್ತೇನಿ."

"ನನಗ ಮೊಮ್ಮಕ್ಕಳು ನೋಡೂ ಚಪ್ಪರ ಬ್ಯಾಡ್ರಿ. ಬಳ್ಳಿ ಹತ್ತೂ ಚಪ್ಪರ ಬೇಕು."

ಹೆಂಡಂದಿರ ಇಂಥ ಮಾತುಗಳ ಬೆಲೆ ಗೊತ್ತಾಗುವುದು ವೆಲ್ಡಿಂಗ್ ಆರಿದ ಮೇಲೆ. ನಾನು ಅಂಗಡಿಯಿಂದ ಚೌಕ ಪೈಪು ತಂದೆ. ನಾಲ್ಕು ಕಂಬ ನೆಟ್ಟು ಬುಡಕ್ಕೆ ಕಾಂಕ್ರೀಟು ಹಾಕಿದೆ. ಮೇಲೆ ಅಡ್ಡಪಟ್ಟಿ ಕೂಡಿಸಿ ಬೋಲ್ಟು ಬಿಗಿದೆ. ಬಳ್ಳಿಗೆ ಪರಕೀಯ ಅನ್ನಿಸಬಾರದೆಂದು ಹಸಿರು ಬಣ್ಣ ಬಳಿದೆ. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಕಬ್ಬಿಣ ಬಿಸಿಲಿಗೆ ಹಿಗ್ಗುತ್ತದೆ, ಕಬ್ಬಿಣದವನು ಹೊಗಳಿಕೆಗೆ ಹಿಗ್ಗುತ್ತಾನೆ. ಇಬ್ಬರೂ ಚೆನ್ನಾಗಿ ಹಿಗ್ಗಿದೆವು.

ಬಳ್ಳಿ ಮಾತ್ರ ಹತ್ತಲಿಲ್ಲ. ಹೀರೆಬಳ್ಳಿಗೆ ದಾರದಂಥ ಎಳೆಗೈಗಳಿರುತ್ತವೆ. ಕಡ್ಡಿ ಸಿಕ್ಕರೆ ಸುತ್ತಿಕೊಂಡು ಸ್ಪ್ರಿಂಗಿನ ಹಾಗೆ ಎಳೆದುಕೊಳ್ಳುತ್ತವೆ. ನಮ್ಮ ಅಂಗಡಿಯಲ್ಲೂ ಅಷ್ಟು ಚೆಂದದ ಸ್ಪ್ರಿಂಗಿಲ್ಲ. ನನ್ನ ಪೈಪು ಆ ಕೈಗೆ ದಪ್ಪವಾಯಿತು, ನುಣುಪಾಯಿತು. ಮಧ್ಯಾಹ್ನದ ಹೊತ್ತಿಗೆ ರೊಟ್ಟಿಯ ಹಂಚಿನಂತೆ ಕಾಯುತ್ತಿತ್ತು. ನಾನು ಕುಡಿಯನ್ನು ಹಿಡಿದು ಕಂಬಕ್ಕೆ ಒರಗಿಸಿದೆ, ಜಾರಿತು. ಕಟ್ಟಿದೆ, ಕಟ್ಟಿದ ಕಡೆ ಬಾಡಿತು. ಕಂಬಕ್ಕೆ ಹಸಿ ಗೋಣಿ ಸುತ್ತಿದೆ. ಕಂಬಕ್ಕೆ ಜ್ವರ ಬಂದಿದೆಯೇ ಎಂದು ಶಾಂತವ್ವ ಕೇಳಿದಳು. ಕೊನೆಗೆ ಬಳ್ಳಿ ಕರಿಬೇವಿನ ಗಿಡದ ಹಿಂದೆ ಗೋಡೆಯ ಬುಡಕ್ಕೆ ಸರಿದುಕೊಂಡಿತು. ಸಿಟ್ಟಿನಿಂದ ನಾನು ಅತ್ತ ನೋಡುವುದನ್ನೇ ಬಿಟ್ಟೆ. ಮಹಾನವಮಿ ಬಂತು, ಬನ್ನಿ ಕೊಟ್ಟದ್ದಾಯಿತು. ಚಪ್ಪರ ಬೋಳಾಗಿಯೇ ಇತ್ತು. ಫೋನಿನಲ್ಲಿ ರೇಣುಕಾ "ಕಾಯಿ ಬಿಟ್ಟಾವೇನಪ್ಪಾ?" ಎಂದು ಕೇಳಿದಾಗಲೆಲ್ಲ ನನಗೆ ಅಂಗಡಿಯಿಂದ ಯಾರೋ ಕರೆದ ಹಾಗೆ ಆಗುತ್ತಿತ್ತು.

ಹುಣ್ಣಿಮೆಯ ಹಿಂದಿನ ದಿನ ಒಂದು ನಿರ್ಧಾರಕ್ಕೆ ಬಂದೆ. ಕಾಯಿಯಂತೂ ಇಲ್ಲ. ಮಗಳು ಬಂದಾಗ ಈ ಬೋಳು ಚಪ್ಪರವಾದರೂ ಕಣ್ಣಿಗೆ ಬೀಳಬಾರದು. ಶಾಂತವ್ವ ಎಲ್ಲೋ ಹೊರಗೆ ಹೋದದ್ದನ್ನು ನೋಡಿಕೊಂಡು, ಬೋಲ್ಟು ಬಿಚ್ಚಲು ಪಾನಾ ಹಿಡಿದು ಚಪ್ಪರದ ಮೇಲೆ ಹತ್ತಿದೆ. ಒಂದು ಮಾತು ಹೇಳಲೇಬೇಕು. ಇಡೀ ಮೈಭಾರ ಬಿಟ್ಟರೂ ಚಪ್ಪರ ಕೂದಲೆಳೆಯಷ್ಟೂ ಅಲುಗಲಿಲ್ಲ.

ಮೇಲಿನಿಂದ ಗೋಡೆಯಾಚೆ ಕಂಡಿತು. ನಮ್ಮ ನೆರೆಯವಳು ಹಜರತಬಿ, ಗಾದಿ ತುಂಬುವ ಮನೆತನದವಳು. ಅವಳ ಹಿತ್ತಲಲ್ಲಿ ತೊಗರಿ ಕಟ್ಟಿಗೆಯ ಒಂದು ಸೊಟ್ಟ ಹಂದರ. ಅದರ ಯಾವ ಎರಡು ಕಟ್ಟಿಗೆಯೂ ಒಂದೇ ದಿಕ್ಕಿಗೆ ನಿಂತಿರಲಿಲ್ಲ. ಅದರ ತುಂಬ ಹೀರೆಬಳ್ಳಿ, ಹಳದಿ ಹೂ, ಜೋತುಬಿದ್ದ ಕಾಯಿ. ಒಂದೊಂದು ಕಾಯಿಯ ತೊಟ್ಟಿಗೂ ಗಾದಿಬಟ್ಟೆಯ ಕೆಂಪು ಚಿಂದಿ. ಬಳ್ಳಿಯ ಜಾಡು ಹಿಡಿದು ಕಣ್ಣಾಡಿಸಿದರೆ, ಅದು ಗೋಡೆ ಹತ್ತಿ, ಇಳಿದು, ನಮ್ಮ ಕರಿಬೇವಿನ ಹಿಂದೆ ಬಂದು ನಿಂತಿತು. ಹಂದರದ ಕೆಳಗೆ ಹಜರತಬಿ ಹತ್ತಿ ಬಿಡಿಸುತ್ತ ಕೂತಿದ್ದಳು. ಪಕ್ಕದಲ್ಲಿ ಶಾಂತವ್ವ.

ಹಜರತಬಿ ತಲೆ ಎತ್ತಿದಳು. "ಅಯ್ಯ ಶಾಂತವ್ವಾ, ನೋಡಿಲ್ಲೆ! ನಿಮ್ಮ ಚಪ್ಪರಕ್ಕ ಕಾಯಿ ಬಿಟ್ಟೈತಿ!"

ಶಾಂತವ್ವ ನೋಡಿದಳು, ಅವಸರವಿಲ್ಲದೆ. "ಒಂದ ಕಾಯಿ, ಅದೂ ಬಲ್ತದ್ದು. ಪಲ್ಯಕ್ಕ ಬರೂದಿಲ್ಲ. ಬೀಜಕ್ಕ ಬಿಡಬೇಕು."

ನಾನು ಪಾನಾವನ್ನು ಬೆನ್ನ ಹಿಂದೆ ಹಿಡಿದು, ಮೇಲೆ ಕೂತವನ ಗತ್ತು ಉಳಿಸಿಕೊಂಡು ಕೇಳಿದೆ: "ಈ ಬಳ್ಳಿ ಯಾರದು?"

"ಬುಡ ನಿಮ್ದು, ತುದಿ ನಮ್ದು, ಕಾಯಿ ರೇಣುಕಾಂದು ಅಣ್ಣಾರ," ಎಂದಳು ಹಜರತಬಿ. "ನಮ್ಮ ಮನ್ಯಾಗ ಯಾರೂ ಹರೀಬಾರ್ದು ಅಂತ ಚಿಂದಿ ಕಟ್ಟೇನಿ. ಬಸರಿ ಹುಡುಗಿ ಆಸಿ ಪಟ್ಟದ್ದು ನಮಗ್ಯಾಕ್ರಿ?"

"ಮತ್ತ ನನಗ್ಯಾಕ ಹೇಳಲಿಲ್ಲ?" ಎಂದೆ ಹೆಂಡತಿಗೆ.

"ಹೇಳಿದ್ರ ನೀವು ಗ್ವಾಡಿ ಮ್ಯಾಲೂ ಒಂದ್ ಕಬ್ಬಿಣದ್ದು ಹಾಕತಿದ್ರಿ. ಬಳ್ಳಿ ಹಾನಗಲ್ಲಿಗೆ ಓಡಿಹೋಗತಿತ್ತು," ಎಂದಳು. ಆಮೇಲೆ ದನಿ ಇಳಿಸಿ, "ಕುಡಿ ನಾನ ಕೋಲಿಲೆ ಗ್ವಾಡಿ ದಾಟಿಸೀನಿ. ಅಷ್ಟ್ ದಿನ ಆ ಕಂಬಕ್ಕ ನೀರ್ ಹಾಕಿದ್ರಿ, ಗೋಣಿ ಸುತ್ತಿದ್ರಿ. ನಿಮ್ಮ ಮನಸ್ಸ್ಯಾಕ ಮುರೀಬೇಕು ಅಂತ ಸುಮ್ಮನಿದ್ದೆ. ಇಳೀರಿನ್ನ, ಬಿದ್ದೀರಿ."

ಇಳಿದೆ. ಬಳ್ಳಿ ಜಾರಿದ್ದಕ್ಕಿಂತ ಸ್ವಲ್ಪ ನಿಧಾನವಾಗಿ.

ಸೀಗಿ ಹುಣ್ಣಿಮೆ ನಮ್ಮ ಕಡೆ ಭೂಮಿಯ ಬಯಕೆಯ ಹಬ್ಬ. ಫಸಲು ಹೊತ್ತು ನಿಂತ ಹೊಲವನ್ನು ಬಸುರಿ ಎಂದು ತಿಳಿದು, ಉಣ್ಣುವ ಮೊದಲು ಅವಳಿಗೆ ಚರಗ ಚೆಲ್ಲುತ್ತೇವೆ. ಮಾಡಿದ ಅಡಿಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿ ನಾಲ್ಕೂ ದಿಕ್ಕಿಗೆ ಎರಚುವುದು. ನಮಗೆ ಹೊಲವಿಲ್ಲ, ಹಿತ್ತಲಿಗೇ ಎರಚಿದೆ. ಗೋಡೆಯಾಚೆಯೂ ಒಂದು ಹಿಡಿ ಎರಚಿದೆ. ರೇಣುಕಾ ಚಾಪೆಯ ಮೇಲೆ ಕೂತು ರೊಟ್ಟಿಗೆ ಹೀರೆಸಿಪ್ಪೆಯ ಚಟ್ನಿ ಹಚ್ಚಿಕೊಂಡಳು. ಮೊದಲ ತುತ್ತು ಇಳಿಯುವವರೆಗೆ ನಾನು, ಶಾಂತವ್ವ, ಗೋಡೆಯಾಚೆಯ ಹಜರತಬಿ ಮೂವರೂ ಅವಳ ಗಂಟಲನ್ನೇ ನೋಡಿದೆವು. ಒಂದು ರೊಟ್ಟಿ ತಿಂದಳು. ಮತ್ತೊಂದು ಕೇಳಿದಳು. ಹಜರತಬಿ ಗೋಡೆಯ ಮೇಲಿನಿಂದ ನೋಡುತ್ತಿದ್ದವಳು ಸೆರಗಿನಿಂದ ಮೂಗು ಒರೆಸಿಕೊಂಡು, ಕಣ್ಣಿಗೆ ಹತ್ತಿಯ ಧೂಳು ಬಿತ್ತೆಂದಳು.

ಹೊಟ್ಟೆ ತುಂಬಿದ ಮೇಲೆ ಮಗಳ ಕಣ್ಣು ಚಪ್ಪರದ ಮೇಲೆ ಬಿತ್ತು. ನಾನು ತಂಬಿಗೆ ಹುಡುಕುವ ನೆಪದಲ್ಲಿ ಏಳುವವನಿದ್ದೆ. ಅವಳೇ ಹೋಗಿ ಅಡ್ಡಪಟ್ಟಿ ಹಿಡಿದು ಜಗ್ಗಿ ನೋಡಿದಳು.

"ಅಪ್ಪಾ, ಎಷ್ಟ್ ಗಟ್ಟಿ ಐತಿ! ಇದೇನು, ತೊಟ್ಟಿಲ ಕಟ್ಟಾಕ ಈಗ ತಯಾರ್ ಮಾಡಿಟ್ಟೀಯೇನು?"

ಶಾಂತವ್ವ ನನ್ನ ಮುಖ ನೋಡಿದಳು. ನಾನು ಆಕಾಶ ನೋಡಿದೆ.

"ಮತ್ತ!" ಎಂದೆ.

ಅಂದಿನಿಂದ ಆ ಚಪ್ಪರ ಬಳ್ಳಿಗೆಂದು ಮಾಡಿದ್ದು ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಿಲ್ಲ. ಶಾಂತವ್ವ ಮಾತ್ರ ಅವರೆಬಳ್ಳಿಗೆ ಬೇರೆ ತೊಗರಿ ಕಟ್ಟಿಗೆ ತರಿಸಿಕೊಂಡಳು. ನೆಟ್ಟವನು ನಾನೇ, ಮೂಲೆಮಟ್ಟ ಇಡದೆ. ಸೇವಂತಿಗೆಗಳು ದೀಪಾವಳಿಗೆ ಗೊಂಚಲು ಗೊಂಚಲಾಗಿ ಬಿಟ್ಟವು. ನಾನು ಉಳಿಸಿದ ಆ ಒಂದು ಗಿಡ ಕೋಲಿನಷ್ಟು ಎತ್ತರ ಹೋಗಿ, ತುದಿಯಲ್ಲಿ ಒಂದೇ ಹೂ ಬಿಟ್ಟು, ಅದರ ಭಾರಕ್ಕೇ ಬಾಗಿ ನಿಂತಿದೆ. ಅದು ಯಾರನ್ನೋ ಹೋಲುತ್ತದೆ ಎಂದು ಶಾಂತವ್ವ ಬಂದವರಿಗೆಲ್ಲ ತೋರಿಸುತ್ತಾಳೆ.

ಈಗ ನನ್ನಲ್ಲಿರುವುದು ಇಷ್ಟು: ಒಂದು ಅಂಗಡಿ, ಎರಡು ವೆಲ್ಡಿಂಗ್ ಯಂತ್ರ, ಮೂರು ಮಡಿ ಮೆಂತ್ಯೆ, ಹನ್ನೊಂದು ಸೇವಂತಿಗೆ, ಗೋಡೆಯಾಚೆ ಬೀಜಕ್ಕೆ ಬಿಟ್ಟ ಒಂದು ಹೀರೆಕಾಯಿ, ಹಸಿರು ಬಣ್ಣದ ಒಂದು ಚಪ್ಪರ, ಅದಕ್ಕೆ ನಿನ್ನೆ ಬೆಸೆದ ಎರಡು ಕೊಂಡಿ. ತೊಟ್ಟಿಲು ಫಾಲ್ಗುಣಮಾಸಕ್ಕೆ.